ಜಾಲಿ ಮುಳ್ಳಿಗೆ ಟ್ಯೂಬ್‌ಲೆಸ್ ಕಿಟ್: ಸಂಡೂರಿನ ಚಳಿಗಾಲದ ಸವಾರಿಗೆ ಸಾಲುತ್ತದೆಯೇ?

ಬಳ್ಳಾರಿ ಜಾಲಿ ಎಂದು ಊರಿನ ಹೆಸರೇ ಅಂಟಿಕೊಂಡಿರುವ ಮುಳ್ಳಿನ ಎದುರು ಸಾದಾ ಟ್ಯೂಬಿನ ಮೌಂಟನ್ ಬೈಕ್ ಬಹಳ ದೂರ ಹೋಗುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಸಂಡೂರಿನ ಕಾಡುದಾರಿಗಳ ಅಂಚಿಗೆ ಒಣಗಿದ ನೆಗ್ಗಿಲ ಮುಳ್ಳೂ ಉದುರಿರುತ್ತದೆ. ಐದು ಜನ ಹೊರಟರೆ ಯಾರದಾದರೂ ಒಂದು ಚಕ್ರ ಕೂತೇ ಕೂರುತ್ತದೆ. ಅವರು ಟ್ಯೂಬ್ ಬದಲಿಸುವಷ್ಟರಲ್ಲಿ ಉಳಿದ ನಾಲ್ವರ ಬೆವರು ಆರಿ, ಬೆಳಗಿನ ಗಾಳಿಗೆ ಮೈ ನಡುಗಲು ಶುರುವಾಗುತ್ತದೆ. ಟ್ಯೂಬ್ ಇಲ್ಲದೆ ಟೈರಿನಲ್ಲೇ ಗಾಳಿ ನಿಲ್ಲಿಸುವ ಟ್ಯೂಬ್‌ಲೆಸ್ ಕಿಟ್ಟಿನ ಬೆಲೆಯನ್ನು ಈ ಕಾಯುವಿಕೆಯ ಲೆಕ್ಕದಲ್ಲೇ ನೋಡಬೇಕು. ನಮ್ಮ ತೀರ್ಮಾನ: ಕೊಳ್ಳಿ, ಆದರೆ ಡಬ್ಬಿಯಲ್ಲಿ ಬಂದಷ್ಟನ್ನೇ ನಂಬಬೇಡಿ.

ಬ್ರ್ಯಾಂಡ್ ಯಾವುದಿದ್ದರೂ ಸಣ್ಣ ಕಿಟ್ಟಿನ ಸಾಮಾನು ಹೆಚ್ಚುಕಮ್ಮಿ ಒಂದೇ: ಎರಡು ಪ್ರೆಸ್ಟಾ ವಾಲ್ವ್ (ಸೈಕಲ್ಲಿನ ತೆಳ್ಳನೆಯ ವಾಲ್ವ್), ರಿಮ್ಮಿನ ತೂತುಗಳನ್ನು ಮುಚ್ಚುವ ಒಂದು ಸುರುಳಿ ರಿಮ್ ಟೇಪ್, ಚಕ್ರಕ್ಕೆ ಸುಮಾರು 60 ಮಿ.ಲೀ. ಸೀಲಂಟ್ (ಟೈರಿನ ತೂತು ಮುಚ್ಚುವ ದ್ರವ), ವಾಲ್ವಿನ ಒಳತಿರುಳು ಬಿಚ್ಚುವ ಪುಟ್ಟ ಕೀಲಿ. ಕೊರತೆ ಇರುವುದು ಸೀಲಂಟಿನಲ್ಲಿ. 29 ಇಂಚಿನ, 2.25 ಇಂಚು ಅಗಲದ ಹೊಸ ಟೈರಿನ ಒಳಮೈ ತನ್ನ ಪಾಲನ್ನು ಮೊದಲೇ ಹೀರಿಕೊಳ್ಳುತ್ತದೆ. ಉಳಿದದ್ದು ಮುಳ್ಳಿಗೆ ಸಾಲದು. ನಮ್ಮ ಕಡೆಯ ದಾರಿಗೆ ಚಕ್ರಕ್ಕೆ 110ರಿಂದ 120 ಮಿ.ಲೀ. ಬೇಕು, 27.5 ಇಂಚಿಗೆ 100 ಸಾಕು. ಕಿಟ್ ತರಿಸುವಾಗಲೇ ಕಾಲು ಲೀಟರಿನ ಬಾಟಲಿ ಒಂದನ್ನು ಸೇರಿಸಿ ತರಿಸಿ.

ಕೂರಿಸುವುದರಲ್ಲಿ ಕೆಡುವುದೆಲ್ಲ ಟೇಪಿನಲ್ಲೇ. ಸಂಡೂರು ಸುತ್ತಿದ ಚಕ್ರದಲ್ಲಿ ಅದಿರಿನ ಕೆಂಪು ದೂಳು ರಿಮ್ಮಿನ ಮೂಲೆಮೂಲೆಗೂ ಇಳಿದಿರುತ್ತದೆ. ನೀರಲ್ಲಿ ತೊಳೆದರೆ ಸಾಲದು. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ, ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ ಒರೆಸಬೇಕು. ಟೇಪಿನ ಅಗಲ ರಿಮ್ಮಿನ ಒಳಅಗಲಕ್ಕಿಂತ 2ರಿಂದ 4 ಮಿ.ಮೀ. ಹೆಚ್ಚಿರಲಿ. ಬಿಗಿಯಾಗಿ ಎಳೆದು ಎರಡು ಸುತ್ತು ಹಾಕಿ, ಹೆಬ್ಬೆರಳಿನಿಂದ ಒತ್ತಿ ಗುಳ್ಳೆಗಳನ್ನು ಅಂಚಿಗೆ ತಳ್ಳಿ. 29ರ ಚಕ್ರಕ್ಕೆ ಎರಡು ಸುತ್ತೆಂದರೆ ಸುಮಾರು 4 ಮೀಟರ್, ಹಾಗಾಗಿ 10 ಮೀಟರಿನ ಸುರುಳಿ ಒಂದು ಬೈಕಿಗೆ ಸರಿಹೋಗುತ್ತದೆ. ವಾಲ್ವಿನ ತೂತನ್ನು ಬ್ಲೇಡಿನಲ್ಲಿ ಕೊಯ್ಯಬೇಡಿ, ಸೀಳು ಬೆಳೆಯುತ್ತದೆ. ಕಾಯಿಸಿದ ಮೊಳೆಯಲ್ಲಿ ಚುಚ್ಚಿದರೆ ಅಂಚು ಕರಗಿ ಗಟ್ಟಿಯಾಗುತ್ತದೆ.

ಟೈರಿನ ಅಂಚಿಗೆ ಸೋಪಿನ ನೀರು ಸವರಿ, ವಾಲ್ವಿನ ತಿರುಳು ಬಿಚ್ಚಿ, ಒಮ್ಮೆಲೇ ಗಾಳಿ ತುಂಬಬೇಕು. ನಿಲ್ಲಿಸಿ ಹೊಡೆಯುವ ಪಂಪಿನಲ್ಲಿ ಇದು ಆದರೆ ಆಯಿತು, ಆಗದಿದ್ದರೆ ಪಂಕ್ಚರ್ ಅಂಗಡಿಯ ಕಂಪ್ರೆಸರೇ ಗತಿ. ಅಲ್ಲಿನ ಮೂತಿ ಮೋಟರ್‌ಬೈಕಿನ ದಪ್ಪ ವಾಲ್ವಿಗಷ್ಟೇ ಹೊಂದುತ್ತದೆ. ಪ್ರೆಸ್ಟಾಗೆ ಹಾಕುವ ಪುಟಾಣಿ ಹಿತ್ತಾಳೆ ಅಡಾಪ್ಟರನ್ನು ಬೇರೆ ಕೊಂಡು ಕಿಸೆಯಲ್ಲಿಟ್ಟುಕೊಂಡೇ ಹೋಗಿ. ತಿರುಳು ಬಿಚ್ಚಿದ ಮೇಲೂ ಅದು ಕೂರುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ. ಟಪ್, ಟಪ್ ಎಂದು ಅಂಚು ಕೂರುವ ಸದ್ದು ಕೇಳಬೇಕು. ರಿಮ್ ಮತ್ತು ಟೈರಿನ ಮೇಲೆ ಬರೆದಿರುವ ಗರಿಷ್ಠ ಒತ್ತಡ ದಾಟಬಾರದು. ಲಾರಿ ಟೈರಿಗೆ ಗಾಳಿ ಹಾಕಿ ರೂಢಿಯಾದ ಕೈ ಇಲ್ಲಿ ಅಪಾಯ.

ಇನ್ನು ದಾರಿಯಲ್ಲಿ. ನೆಗ್ಗಿಲ ಮುಳ್ಳಿಗೆ ಈ ಸೀಲಂಟ್ ಹೇಳಿ ಮಾಡಿಸಿದ ಮದ್ದು. ಮುಳ್ಳು ಕಿತ್ತು, ತೂತು ನೆಲದ ಕಡೆ ಬರುವಂತೆ ಚಕ್ರ ತಿರುಗಿಸಿ ಹಿಡಿದರೆ ಎಕ್ಕದ ಹಾಲಿನಂಥ ಬಿಳಿ ನೊರೆ ಬುಸುಗುಟ್ಟಿ, ಅರ್ಧ ನಿಮಿಷದಲ್ಲಿ ಕಟ್ಟಿಕೊಳ್ಳುತ್ತದೆ. ಜಾಲಿಯ ಮುಳ್ಳು ಉದ್ದ, ಗಟ್ಟಿ. ಅದು ಟೈರಿನ ನಡುವೆ ಚುಚ್ಚಿದರೆ ಸೀಲಂಟ್ ತಡೆಯುತ್ತದೆ, ಪಕ್ಕದ ಗೋಡೆ ಸೀಳಿದರೆ ತೂತಿಗೆ ತುರುಕುವ ರಬ್ಬರ್ ಎಳೆ, ಅಂದರೆ ಪ್ಲಗ್, ಬೇಕೇ ಬೇಕು. ಸೈಕಲ್ಲಿಗೆಂದೇ ಬರುವ ತೆಳ್ಳನೆ ಪ್ಲಗ್ ತನ್ನಿ. ಮೋಟರ್‌ಬೈಕಿನ ದಪ್ಪ ರಬ್ಬರ್ ಎಳೆ ತುರುಕಿದರೆ ಸಣ್ಣ ತೂತೂ ದೊಡ್ಡದಾಗುತ್ತದೆ. ಹಾಗೆಯೇ ಮೋಟರ್‌ಬೈಕ್ ಟೈರಿಗೆ ಹಾಕುವ ಹಸಿರು ಜೆಲ್ ಕೂಡ ಬೇಡ, ಪ್ರೆಸ್ಟಾ ವಾಲ್ವ್ ಕಟ್ಟಿಕೊಳ್ಳುತ್ತದೆ.

ಪ್ಲಗ್ಗೂ ನಿಲ್ಲದಿದ್ದರೆ ಸ್ಪೇರ್ ಟ್ಯೂಬ್. ಎಲ್ಲರೂ ಎಡವುವುದು ಇಲ್ಲೇ. ಟ್ಯೂಬ್‌ಲೆಸ್ ಟೈರ್ ತಿಂಗಳುಗಟ್ಟಲೆ ಸದ್ದಿಲ್ಲದೆ ಮುಳ್ಳು ನುಂಗಿರುತ್ತದೆ. ಒಳಗಡೆ ಹತ್ತಾರು ಮೊನೆಗಳು ಇಣುಕುತ್ತಿರುತ್ತವೆ. ನೋಡದೆ ಟ್ಯೂಬ್ ತುರುಕಿದರೆ ಹತ್ತು ಮೀಟರಿನಲ್ಲಿ ಅದೂ ಮುಗಿಯಿತು. ಒಳಮೈಗೆ ಬಟ್ಟೆ ಎಳೆದು, ಅದು ಸಿಕ್ಕಿಕೊಂಡ ಕಡೆಯೆಲ್ಲ ಸಣ್ಣ ಚಿಮ್ಮಟದಿಂದ ಮೊನೆ ಕೀಳಬೇಕು. ಚಿಮ್ಮಟ ಕಿಟ್ಟಿನಲ್ಲಿ ಬರುವುದಿಲ್ಲ, ಆದರೆ ಕೀಲಿಗಿಂತ ಅದೇ ಮುಖ್ಯ.

ಚಳಿಯು ಟೈರಿನೊಳಗಿನ ಗಾಳಿಯ ಒತ್ತಡವನ್ನೂ ಇಳಿಸುತ್ತದೆ. ಮಧ್ಯಾಹ್ನ 32 ಡಿಗ್ರಿಯಲ್ಲಿ 25 ಪಿಎಸ್‌ಐ ತುಂಬಿಟ್ಟ ಚಕ್ರ ಬೆಳಗ್ಗೆ 16 ಡಿಗ್ರಿಯಲ್ಲಿ ಸುಮಾರು 23ಕ್ಕೆ ಬಂದಿರುತ್ತದೆ. ತೂತಾಗಿದೆ ಎಂದು ಗಾಬರಿಯಾಗಬೇಡಿ, ಅಳತೆ ಮಾತ್ರ ಹೊರಡುವ ಹೊತ್ತಿಗೆ ನೋಡಿ. 70 ಕೆ.ಜಿ. ತೂಕದವರಿಗೆ ಮುಂದೆ 22, ಹಿಂದೆ 25 ಒಳ್ಳೆಯ ಆರಂಭ. ಅದಕ್ಕೂ ಇಳಿಸಿದರೆ ಚೂಪುಕಲ್ಲಿನ ಇಳಿಜಾರಿನಲ್ಲಿ ರಿಮ್ ಬಡಿಯುತ್ತದೆ. ಪಂಪಿನ ಬದಲು ಪುಟ್ಟ ಸಿಒಟು (ಇಂಗಾಲದ ಡೈಆಕ್ಸೈಡ್) ಸಿಲಿಂಡರ್ ಬಳಸುವವರು ವಾಲ್ವನ್ನು ಮೇಲಕ್ಕೆ ತಿರುಗಿಸಿ ಹೊಡೆಯಿರಿ, ಬರಿಗೈಯಲ್ಲಿ ಹಿಡಿಯಬೇಡಿ, ಹಿಮದಷ್ಟು ತಣ್ಣಗಾಗುತ್ತದೆ.

ಗುಂಪಿಗೆ ಒಂದು ಪಂಪು, ಒಂದು ಪ್ಲಗ್ ಸೆಟ್ಟು ಸಾಕು, ಟ್ಯೂಬ್ ಮಾತ್ರ ಪ್ರತಿಯೊಬ್ಬರದೂ ಇರಲಿ. ರಿಪೇರಿ ಸಾಮಾನು ಕಟ್ಟಕಡೆಯವರ ಬೆನ್ನಿನಲ್ಲಿರಬೇಕು, ಮುಂದಿನವರ ಬಳಿಯಿದ್ದರೆ ಪಂಕ್ಚರಾದವರನ್ನು ಬಿಟ್ಟು ಪಂಪೇ ಮುಂದೆ ಹೋಗಿರುತ್ತದೆ! ಮೀಸಲು ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕರಡಿಗಳು ಓಡಾಡುವ ಗುಡ್ಡಗಳಾದ್ದರಿಂದ ಪೂರ್ತಿ ಬೆಳಕಾದ ಮೇಲೆಯೇ ಒಳಹೋಗಿ. ಸವಾರಿ ಅರ್ಧ ಗಂಟೆ ತಡವಾದರೂ ನಷ್ಟವೇನಿಲ್ಲ.

ನವೆಂಬರಿನಲ್ಲಿ ಹಾಕಿದ ಸೀಲಂಟ್ ಫೆಬ್ರವರಿವರೆಗೆ ಬಂದರೆ ಪುಣ್ಯ. ಚಕ್ರ ಅಲ್ಲಾಡಿಸಿದಾಗ ಒಳಗೆ ಗುಳುಗುಳು ಕೇಳದಿದ್ದರೆ ಒಣಗಿದೆ ಎಂದರ್ಥ. ವಾಲ್ವಿನಿಂದಲೇ ಇನ್ನೊಂದು 60 ಮಿ.ಲೀ. ಬಿಡಿ. ನಮ್ಮ ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ಈ ಕೆಲಸ ತಪ್ಪಿದ್ದಲ್ಲ.

ರಿಮ್ ಮತ್ತು ಟೈರ್ ಎರಡರ ಮೇಲೂ ಟ್ಯೂಬ್‌ಲೆಸ್ ರೆಡಿ ಎಂದು ಬರೆದಿಲ್ಲದಿದ್ದರೆ ಈ ಕಿಟ್ ತೆಗೆದುಕೊಳ್ಳಬೇಡಿ. ತಿರುವಿನಲ್ಲಿ ಅಂಚು ಕಳಚಿ ಗಾಳಿ ಹೋಗುತ್ತದೆ. ಅಂಥ ಸೈಕಲ್ಲಿಗೆ ತಿರುಳು ಬಿಚ್ಚಲು ಬರುವ ದಪ್ಪ ಟ್ಯೂಬ್ ಹಾಕಿ, ಅದರೊಳಗೆ ಇದೇ ಸೀಲಂಟ್ ಬಿಟ್ಟರೆ ನೆಗ್ಗಿಲ ಮುಳ್ಳಿನಿಂದಾದರೂ ಪಾರಾಗಬಹುದು.