ಬೋರ್ ಮೋಟಾರ್ ರಿಪೇರಿಯವನ ಕೈಯಲ್ಲಿ ಆಕ್ಷನ್ ಕ್ಯಾಮೆರಾ: ನಾಲ್ಕು ಸೀಸನ್, 38 ಡೈವ್

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದು ಬೋರ್ ಮೋಟಾರ್ ರಿಪೇರಿ ಅಂಗಡಿ. ಸುಟ್ಟು ಬಂದ ಮೋಟಾರ್ ಬಿಚ್ಚುವುದು, ನೀರು ಎಲ್ಲಿಂದ ಹೊಕ್ಕಿತು ಅಂತ ಹುಡುಕುವುದು, ರಿವೈಂಡ್ ಮಾಡಿ ಸೀಲ್ ಬದಲಿಸಿ ಕೊಡುವುದು, ಇಪ್ಪತ್ತು ವರ್ಷದಿಂದ ಇದೇ ಕೆಲಸ. 2021ರ ದೀಪಾವಳಿಗೆ ಆಕ್ಷನ್ ಕ್ಯಾಮೆರಾ (ಬೈಕಿಗೋ ಕೈಗೋ ಕಟ್ಟಿಕೊಂಡು ವಿಡಿಯೋ ತೆಗೆಯುವ ಪುಟ್ಟ ಕ್ಯಾಮೆರಾ) ತಂದು ಟೇಬಲ್ ಮೇಲಿಟ್ಟಾಗ ಅಂಗಡಿ ಹುಡುಗ, “ಅಣ್ಣಾರ, ಇದನ್ನೂ ನೀರಾಗ ಬಿಟ್ಟು ಸುಡಾವ್ರೇನ್ರಿ?” ಅಂದ. ಇನ್ನೂ ಸುಟ್ಟಿಲ್ಲ. ಮುರ್ಡೇಶ್ವರದ ಎದುರಿನ ದ್ವೀಪ ನೇತ್ರಾಣಿಯಲ್ಲಿ 26, ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ (ಹಳೇ ಹೆಸರು ಹ್ಯಾವ್ಲಾಕ್) 12, ಒಟ್ಟು 38 ಸ್ಕೂಬಾ ಡೈವ್ (ಬೆನ್ನಿನ ಸಿಲಿಂಡರಿನ ಗಾಳಿ ಉಸಿರಾಡುತ್ತ ಸಮುದ್ರದೊಳಗೆ ಇಳಿಯುವುದು) ಆಗಿವೆ. ಕಂಪನಿ ಹೆಸರು ಬೇಕಂತಲೇ ಬರೆದಿಲ್ಲ. ಹೆಸರು ಬಂತೆಂದರೆ ಮಾತು ‘ಅದಕ್ಕಿಂತ ಇದು ಚಲೋ’ ಅನ್ನುವ ಜಗಳಕ್ಕೆ ತಿರುಗುತ್ತದೆ. ನೀರೊಳಗೆ ಇಳಿದ ಮೇಲೆ ಈ ಅಂಗೈ ಅಗಲದ ಕ್ಯಾಮೆರಾಗಳ ಹಣೆಬರಹ ಹೆಚ್ಚುಕಡಿಮೆ ಒಂದೇ.

ಮೊದಲು ರೊಕ್ಕದ ಮಾತು ಮುಗಿಸಿಬಿಡುತ್ತೇನೆ. ನಾನು ಕೊಂಡಾಗ ಕ್ಯಾಮೆರಾ 38,000 ರೂಪಾಯಿ. ನಾನು ಅಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಡೈವ್ ಹೌಸಿಂಗ್ (ನೀರು ಹೊಕ್ಕದ ಹಾಗೆ ಕ್ಯಾಮೆರಾ ಇಟ್ಟು ಮುಚ್ಚುವ ಡಬ್ಬಿ) 4,500, ನೀರೊಳಗಿನ ಬಣ್ಣ ಸರಿಪಡಿಸುವ ಫಿಲ್ಟರ್ ಎರಡು ಸೇರಿ 1,800, ಟಾರ್ಚ್ 9,000, ಹಿಡಿಕೆ 2,200, ಮೆಮೊರಿ ಕಾರ್ಡ್ ಎರಡಕ್ಕೆ 3,000, ಹೆಚ್ಚಿನ ಬ್ಯಾಟರಿ ಎರಡಕ್ಕೆ 3,000. ಒಟ್ಟು 61,500. ಕ್ಯಾಮೆರಾ ಕೊಳ್ಳುವವರು ಅದರ ಬೆಲೆಯ ಅರ್ಧದಷ್ಟನ್ನಾದರೂ ಪಕ್ಕಕ್ಕೆ ಎತ್ತಿಡಿ. ಅದಿಲ್ಲದಿದ್ದರೆ ನೀರೊಳಗಿನ ಆಸೆ ಸದ್ಯಕ್ಕೆ ಬೇಡ, ಬೈಕಿಗೆ ಕಟ್ಟಿಕೊಂಡು ಅರಬೈಲ್ ಘಾಟ್ ಇಳಿಯಿರಿ, ಅದಕ್ಕೂ ಚೆನ್ನಾಗಿಯೇ ಇದೆ.

ಡಬ್ಬಿಯ ಮೇಲೆ ‘10 ಮೀಟರ್ ವಾಟರ್‌ಪ್ರೂಫ್’ ಅಂತ ಬರೆದಿತ್ತು. ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದವರು 18 ಮೀಟರ್‌ವರೆಗೆ ಇಳಿಯಬಹುದು, ಅಂದರೆ ಬರೀ ಕ್ಯಾಮೆರಾ ಅರ್ಧ ದಾರಿಗೇ ಕೈ ಕೊಡುತ್ತದೆ. ಸಮುದ್ರದಲ್ಲಿ ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ನಮ್ಮ ಅಂಗಡಿ ಭಾಷೆಯಲ್ಲಿ ಹೇಳುವುದಾದರೆ 20 ಮೀಟರಿನಲ್ಲಿ ಹೌಸಿಂಗಿನ ಮೇಲೆ ಹೊರಗಿನಿಂದ ಎರಡು ಕೆಜಿ ಪ್ರೆಷರ್. ಗದಗದ ಕಡೆ ಐದುನೂರು ಅಡಿ ಬೋರಿಗೆ ಮೋಟಾರ್ ಇಳಿಸಿದವನಿಗೆ ಇದೇನು ಮಹಾ ಅನಿಸಿತ್ತು. ಅಲ್ಲೇ ತಪ್ಪಿದ್ದು. ಮೋಟಾರಿನ ಸೀಲ್ ಒಮ್ಮೆ ಕೂರಿಸಿದರೆ ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ. ಈ ಹೌಸಿಂಗಿನ ಬಾಗಿಲನ್ನು ದಿನಕ್ಕೆ ಎರಡು ಸಲ ತೆಗೆದು ಹಾಕಬೇಕು, ಅದೂ ಅಲುಗಾಡುವ ಬೋಟಿನಲ್ಲಿ, ಒದ್ದೆ ಕೈಯಲ್ಲಿ.

ಕ್ಯಾಮೆರಾ ಹಿಡಿದು ಇಳಿದ ಒಂಬತ್ತನೇ ಡೈವಿನಲ್ಲಿ, 14 ಮೀಟರ್ ಆಳದಲ್ಲಿ, ಹೌಸಿಂಗಿನ ಕೆಳಮೂಲೆಯಲ್ಲಿ ಒಂದು ಬೆವರ ಹನಿ ಕಂಡಿತು. ನೋಡನೋಡುತ್ತ ಅದು ಎರಡಾಯಿತು, ಆಮೇಲೆ ಒಂದು ಸಣ್ಣ ಗೆರೆಯಾಗಿ ಹರಿಯತೊಡಗಿತು. ಮೇಲೆ ಬಂದು ತೆಗೆದರೆ ಒಂದು ಚಮಚ ಉಪ್ಪುನೀರು, ಸೀಲಿನ ಮೇಲೆ ಅಡ್ಡ ಮಲಗಿದ ಟವೆಲಿನ ಒಂದೇ ಒಂದು ಎಳೆ. ಕ್ಯಾಮೆರಾ ತಾನಾಗಿಯೂ ನೀರು ತಡೆಯುವುದರಿಂದ ಬದುಕಿತು. ಅಂದಿನಿಂದ ನನ್ನ ಕ್ರಮ ಇದು: ಲಾಡ್ಜಿನಲ್ಲೇ ಸೀಲಿನ ಸುತ್ತ ಬೆರಳು ಆಡಿಸಿ, ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ನೋಡಿ ಮುಚ್ಚುವುದು. ಆಮೇಲೆ ಪಂಕ್ಚರ್ ಅಂಗಡಿಯವರು ಟ್ಯೂಬ್ ಮುಳುಗಿಸುವ ಹಾಗೆ ಬಕೆಟ್ಟಿನಲ್ಲಿ ಒತ್ತಿ ಹಿಡಿದು ಗುಳ್ಳೆ ಬರುತ್ತದೇನೋ ನೋಡುವುದು. ಗ್ರೀಸ್ ವಿಷಯದಲ್ಲಿ ಅಂಗಡಿ ಬುದ್ಧಿ ಓಡಿಸಬೇಡಿ. ಹೌಸಿಂಗಿನ ಜೊತೆ ಬಂದ ಚೀಟಿಯಲ್ಲಿ ಹಚ್ಚಬೇಡಿ ಅಂತಿತ್ತು. ನನಗೆ ಯಾರು ಹೇಳಬೇಕು ಅಂತ ಹಚ್ಚಿ, ಒಂದು ಸೀಲ್ ಉಬ್ಬಿ ತನ್ನ ಕಾಲುವೆಯಲ್ಲಿ ಕೂರದ ಹಾಗಾಯಿತು.

ಮಂಜು ಕಟ್ಟುವುದು ಇನ್ನೊಂದು ಕಿರಿಕಿರಿ. ಬಿಸಿಲಿನ ಬೋಟಿನಲ್ಲಿ ಹೌಸಿಂಗ್ ಮುಚ್ಚಿದರೆ ಕಡಲಿನ ತೇವದ ಗಾಳಿಯೂ ಒಳಗೇ ಉಳಿಯುತ್ತದೆ. ಕ್ಯಾಮೆರಾ ಓಡಿ ಬಿಸಿಯಾಗುತ್ತದೆ, ಗಾಜಿನ ಹೊರಗೆ ತಣ್ಣೀರು. ಹತ್ತು ನಿಮಿಷಕ್ಕೆ ನಡುಮಧ್ಯೆ ಬೆಳ್ಳನೆಯ ಬೊಟ್ಟು. ಏಸಿ ರೂಮಿನ ಒಣಗಾಳಿಯಲ್ಲಿ ಮುಚ್ಚಿ, ಒಂದು ತೇವ ಹೀರುವ ಪಟ್ಟಿ ತುರುಕಿಟ್ಟರೆ ಈ ಕಾಟ ಇಲ್ಲ. ಟಚ್‌ಸ್ಕ್ರೀನ್ ನೀರಿನಲ್ಲಿ ಕೆಲಸ ಮಾಡುವುದಿಲ್ಲ, ಗುಂಡಿಗಳೇ ಗತಿ. ಸೆಟ್ಟಿಂಗ್ ಎಲ್ಲಾ ದಡದಲ್ಲೇ ಮಾಡಿಕೊಂಡು ಇಳಿಯಿರಿ.

ಇನ್ನು ಚಿತ್ರದ ಗುಣಮಟ್ಟ. 4ಕೆ ಅನ್ನುವ ಅಕ್ಷರಕ್ಕೆ ಮರುಳಾಗಿದ್ದೆ ನಾನು. ಮೊದಲ ಡೈವಿನ ವಿಡಿಯೋ ಮನೆಯ ಟಿವಿಗೆ ಹಾಕಿದಾಗ ಎಲ್ಲವೂ ಒಂದೇ ಹಸಿರು-ನೀಲಿ, ಕೊಳೆತ ಕೆರೆಯ ಹಾಗೆ. “ಇದನ್ನ ನೋಡಾಕ ಮುರ್ಡೇಶ್ವರತನ ಹೋಗಬೇಕಿತ್ತೇನು, ಉಣಕಲ್ ಕೆರಿ ಇಲ್ಲೇ ಐತೆಲ್ಲ” ಅಂದಳು ಅವ್ವ. ತಪ್ಪು ಕ್ಯಾಮೆರಾದ್ದಲ್ಲ. ನೀರು ಬೆಳಕಿನ ಬಣ್ಣಗಳಲ್ಲಿ ಕೆಂಪನ್ನು ಮೊದಲು ನುಂಗುತ್ತದೆ. ಐದು ಮೀಟರಿನಲ್ಲೇ ಅದು ಸಾಕಷ್ಟು ಸೋತಿರುತ್ತದೆ, ಹತ್ತು ದಾಟಿದರೆ ಬಹುತೇಕ ಇಲ್ಲ. ಆಮೇಲೆ ಕಿತ್ತಳೆ, ಹಳದಿ. ನನ್ನ ಬಲಗೈಯಲ್ಲಿ ಸವದತ್ತಿ ಎಲ್ಲಮ್ಮನ ಗುಡ್ಡದ ಕೆಂಪು ದಾರ ಇದೆ. 12 ಮೀಟರಿನಲ್ಲಿ ಅದು ಹಳೇ ಇದ್ದಿಲಿನ ಬಣ್ಣ. ಟಾರ್ಚ್ ಹತ್ತಿಸಿ ಒಂದು ಗೇಣು ದೂರದಿಂದ ಬಿಟ್ಟರೆ ಗುಡ್ಡದಲ್ಲಿ ಕಟ್ಟಿದ ದಿನದ ಹಾಗೆ ಕೆಂಪಗೆ ಹೊತ್ತಿಕೊಳ್ಳುತ್ತದೆ. ಟಾರ್ಚ್ ಎಷ್ಟು ದೂರಕ್ಕೆ ಮುಟ್ಟುತ್ತದೆ ಅನ್ನುವುದಕ್ಕೆ ಈಗಲೂ ಆ ದಾರವೇ ನನ್ನ ಅಳತೆಗೋಲು. ನನ್ನ ಒಂಬತ್ತು ಸಾವಿರದ ಟಾರ್ಚ್ ಬೆಳಗುವುದು ಒಂದು ಮೀಟರ್, ಅದಕ್ಕಿಂತ ಹೆಚ್ಚಿಲ್ಲ.

ಅಂಡಮಾನಿನ ನೀಲಿ ನೀರಿಗೆ ಕೆಂಪು ಫಿಲ್ಟರ್ ಹೊಂದಿತು, ಅದೂ ಬಿಸಿಲಿದ್ದಾಗ. ನೇತ್ರಾಣಿಯ ನೀರು ನನಗೆ ಸಿಕ್ಕ ಬಹುತೇಕ ದಿನ ಹಸಿರು ಛಾಯೆಯದು, ಅಲ್ಲಿಗೆ ಮೆಜೆಂಟಾ (ಗುಲಾಬಿ-ನೇರಳೆ) ಫಿಲ್ಟರ್. ಟಾರ್ಚ್ ಹಾಕಿದಾಗ ಫಿಲ್ಟರ್ ತೆಗೆಯಲೇಬೇಕು, ಇಲ್ಲದಿದ್ದರೆ ಮೀನು ಕುಂಕುಮದಲ್ಲಿ ಅದ್ದಿದ ಹಾಗೆ ಬರುತ್ತದೆ. ಟಾರ್ಚನ್ನು ಲೆನ್ಸಿನ ನೆತ್ತಿಯ ಮೇಲೆ ಕೂರಿಸಬೇಡಿ. ಮಂಜಿನಲ್ಲಿ ಕಾರಿನ ಹೈಬೀಮ್ ಹಾಕಿದರೆ ಏನಾಗುತ್ತದೋ ಅದೇ ಆಗುತ್ತದೆ, ನೀರಿನ ಕಸವೆಲ್ಲ ಬೆಳ್ಳಗೆ ಮಿನುಗಿ ಮೀನು ಹಿಂದೆ ಬೀಳುತ್ತದೆ. ಹಿಡಿಕೆಯನ್ನು ಉದ್ದ ಮಾಡಿ ಬೆಳಕನ್ನು ಪಕ್ಕಕ್ಕೆ ಎಳೆದ ಮೇಲೆ ನನ್ನ ವಿಡಿಯೋ ಅರ್ಧದಷ್ಟು ಸುಧಾರಿಸಿತು.

ಸ್ವಲ್ಪ ಬೈಯಬೇಕಾದ್ದೂ ಇದೆ. ಇದರ ಲೆನ್ಸ್ ಬಹಳ ಅಗಲ, ಫೋಕಸ್ ಒಂದೇ ಕಡೆ ಗಟ್ಟಿ. ಆರು ಮೀಟರ್ ದೂರದ ಕಡಲಾಮೆ ನೀರಿನಲ್ಲಿ ಬಿದ್ದ ಮಂಗಳೂರು ಹಂಚಿನ ಹಾಗೆ ಕಾಣುತ್ತದೆ. ಹಾಗಂತ ಹತ್ತು ಸೆಂಟಿಮೀಟರ್ ಹತ್ತಿರ ಹೋದರೆ ಮಸುಕು. ಬೆರಳುದ್ದದ, ಚಿಪ್ಪಿಲ್ಲದ ಕಡಲ ಬಸವನಹುಳುಗಳನ್ನು ತೆಗೆಯಲು ಬೇರೆ ಮ್ಯಾಕ್ರೋ ಲೆನ್ಸ್ ಬೇಕು, ನಾನು ಕೊಂಡಿಲ್ಲ. ಹಾಗಾಗಿ ಈ ಕ್ಯಾಮೆರಾ ಚೆನ್ನಾಗಿ ಕಾಣುವುದು ಮೊಣಕೈಯಿಂದ ಒಂದು ಮಾರಿನ ನಡುವೆ. ಆ ಜಾಗಕ್ಕೆ ಪ್ರಾಣಿ ತಾನಾಗಿ ಬರಬೇಕು. ಬೆನ್ನು ಹತ್ತಿದರೆ ಬರುವುದು ಅದರ ಬಾಲದ ವಿಡಿಯೋ. ನನ್ನ ಹಾರ್ಡ್ ಡಿಸ್ಕ್ ತುಂಬಾ ಮೊದಲ ವರ್ಷದ ಬಾಲಗಳೇ ಇವೆ.

ಮೊದಲ ವರ್ಷ ನಾನು ಮಾಡಿದ ದೊಡ್ಡ ತಪ್ಪು ಕೋರ್ಸ್ ಮುಗಿದ ಮೂರನೇ ಡೈವಿಗೇ ಕ್ಯಾಮೆರಾ ಹಿಡಿದದ್ದು. ಕಣ್ಣು ಸ್ಕ್ರೀನಿನಲ್ಲಿ, ಕಾಲು ಎಲ್ಲಿದೆಯೋ ಗೊತ್ತಿಲ್ಲ. ರೆಕ್ಕೆಚಪ್ಪಲಿಯ ಒಂದು ಒದೆತಕ್ಕೆ ಹವಳದ ಒಂದು ಕೊಂಬೆ ಚಟ್ಟನೆ ಮುರಿಯಿತು. ಶಬ್ದ ನನ್ನ ವಿಡಿಯೋದಲ್ಲೇ ಇದೆ, ಅಳಿಸಿಲ್ಲ. ಅದೇ ಡೈವಿನಲ್ಲಿ ಗೇಜ್ ನೋಡುವುದನ್ನು ಮರೆತು ಸಿಲಿಂಡರಿನ ಗಾಳಿಯ ಒತ್ತಡ 50 ಬಾರ್‌ಗೆ ಇಳಿದಿತ್ತು, ಅಂದರೆ ಗಾಳಿ ಮುಗಿಯುತ್ತ ಬಂದಿತ್ತು. ಡೈವ್ ಮಾಸ್ಟರ್ ಬಂದು ಗೇಜ್ ಎತ್ತಿ ಮುಖಕ್ಕೆ ಹಿಡಿದಾಗಲೇ ಎಚ್ಚರ. ಬೋಟ್ ಹತ್ತಿದ ಮೇಲೆ ಅವರು ಬೈಯಲಿಲ್ಲ, “ಮುಂದಿನ ಹತ್ತು ಡೈವ್ ಕ್ಯಾಮೆರಾ ಬೇಡ ಸರ್” ಅಂದರು. ಹವಳ, ಕಡಲಾಮೆ, ತಿಮಿಂಗಿಲ ಶಾರ್ಕ್ ಎಲ್ಲವೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವ ಜೀವಿಗಳು ಅನ್ನುವುದೂ ಆಗಲೇ ಗೊತ್ತಾದದ್ದು. ಹತ್ತು ಡೈವ್ ಬರಿಗೈಯಲ್ಲಿ ಮಾಡಿದೆ. ಹುಬ್ಬಳ್ಳಿಯ ಈಜುಗೊಳದಲ್ಲಿ ಬರೀ ಉಸಿರಿನಿಂದ ಒಂದು ಗೇಣು ಏರುವುದು, ಒಂದು ಗೇಣು ಇಳಿಯುವುದು ಅಭ್ಯಾಸ ಮಾಡಿದೆ.

ಅದರ ಫಲ ಮೂರನೇ ಸೀಸನ್ನಿನಲ್ಲಿ ಸಿಕ್ಕಿತು. ನೇತ್ರಾಣಿ, ಜನವರಿ, ಸುಮಾರು 11 ಮೀಟರ್. ಬಂಡೆಯ ಸೀಳಿನಿಂದ ಒಂದು ಮೊರೇ ಈಲ್ (ಹಾವಿನಂಥ ಮೀನು) ತಲೆ ಹೊರಗೆ ಹಾಕಿತ್ತು, ನನ್ನ ತೋಳಿನಷ್ಟು ದಪ್ಪ. ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ನೋಡುವವರಿಗೆ ಕಚ್ಚಲು ಬಂತು ಅನಿಸುತ್ತದೆ, ಆದರೆ ಅದು ಉಸಿರಾಡುವ ರೀತಿ, ಕಿವಿರುಗಳ ಮೇಲೆ ನೀರು ಹಾಯಿಸಿಕೊಳ್ಳುತ್ತಿರುತ್ತದೆ. ಒಂದು ಮೀಟರ್ ದೂರದಲ್ಲಿ ತೇಲಿ ನಿಂತೆ, ಕೈ ಚಾಚಿ ಕ್ಯಾಮೆರಾ ಹಿಡಿದೆ, ಸ್ಕ್ರೀನ್ ನೋಡಲಿಲ್ಲ. ಎರಡು ನಿಮಿಷದ ನಂತರ ಅದು ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಟ್ಟಿತು. ಕತ್ತಿನ ಹಳದಿ ಚರ್ಮದ ಮಡಿಕೆ, ಮೂಗಿನ ಎರಡು ಸಣ್ಣ ನಳಿಗೆ, ಬಾಯಿ ಒಳಗಿನ ಹಲ್ಲಿನ ಸಾಲು, ಎಲ್ಲಾ ಬಂದಿದೆ. ಪಕ್ಕದಲ್ಲೆಲ್ಲೋ ಪ್ಯಾರಟ್ ಮೀನೊಂದು ಹವಳ ಕಡಿಯುವ ಶಬ್ದ, ಹುರಿದ ಕಡಲೆ ಅಗಿದ ಹಾಗೆ ಕಟಕಟ, ನನ್ನ ಗುಳ್ಳೆಗಳ ಮಧ್ಯೆ ಮೈಕಿನಲ್ಲಿ ಸೇರಿಕೊಂಡಿದೆ. ಆ ಮೂರು ನಿಮಿಷ ಹತ್ತು ಸೆಕೆಂಡಿನ ತುಣುಕೊಂದಕ್ಕೆ ಈ ಕ್ಯಾಮೆರಾ ಮಾರಲು ಮನಸ್ಸು ಬರುವುದಿಲ್ಲ. ಸ್ವರಾಜ್ ದ್ವೀಪದ ಕ್ಲೌನ್ ಮೀನುಗಳು ಇದಕ್ಕೆ ವಿರುದ್ಧ. ತಮ್ಮ ಮನೆ ಕಾಯಲು ತಾವೇ ಲೆನ್ಸಿಗೆ ಹಾಯ್ದು ಬರುತ್ತವೆ, ಹೊಸಬರೂ ಚೆನ್ನಾಗಿ ತೆಗೆಯಬಹುದು.

ಒಂದು ಕಡಲಾಮೆಯನ್ನು ಕಳೆದುಕೊಂಡ ಕತೆಯನ್ನೂ ಹೇಳಬೇಕು. 4ಕೆ ರೆಕಾರ್ಡಿಂಗ್ ಸೆಕೆಂಡಿಗೆ 100 ಮೆಗಾಬಿಟ್ ಅಂದರೆ ನಿಮಿಷಕ್ಕೆ 750 ಎಂಬಿ, ತಾಸಿಗೆ 45 ಜಿಬಿ. ಹಾಗಾಗಿ 128 ಜಿಬಿಯ ಕಾರ್ಡ್ ಇಲ್ಲೇ ಪೇಟೆಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತಂದೆ. ಅಂಡಮಾನಿನಲ್ಲಿ ಆಮೆ ನನ್ನ ಎದುರಿಗೆ ಬಂದು ಮೇಯ್ದು ಹೋಯಿತು. ರೂಮಿಗೆ ಬಂದು ನೋಡಿದರೆ ಫೈಲಿನ ಹೆಸರಿದೆ, ತೆರೆಯುವುದಿಲ್ಲ. ಕಾರ್ಡ್ ನಕಲಿ, ಹೊರಗೆ ಬರೆದ ಜಾಗದ ಕಾಲುಭಾಗವೂ ಒಳಗಿರಲಿಲ್ಲ. ಈಗ ಹೊಸ ಕಾರ್ಡ್ ತಂದರೆ ಅಂಗಡಿಯ ಕಂಪ್ಯೂಟರಿನಲ್ಲಿ ಪೂರ್ತಿ ತುಂಬಿಸಿ, ವಾಪಸ್ ಓದಿಸಿ ನೋಡಿಯೇ ಕ್ಯಾಮೆರಾಕ್ಕೆ ಹಾಕುವುದು. ಕಾರ್ಡಿನ ವೇಗ ಹೇಳುವ ವಿ30 ಗುರುತು ಇದ್ದದ್ದು ಸಾಕು. ವಿಮಾನಕ್ಕೆ ಹೋಗುವವರು ಹೆಚ್ಚಿನ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ.

ಆರೈಕೆಯಲ್ಲಿ ನಮ್ಮೂರಿನವರಿಗೆ ಒಂದು ವಿಶೇಷ ತೊಂದರೆ ಇದೆ. ಉಪ್ಪು ಗುಂಡಿಗಳ ಸಂದಿಯಲ್ಲಿ ಗಟ್ಟಿಯಾಗುವ ಮೊದಲು ಹೌಸಿಂಗನ್ನು ಸಿಹಿನೀರಿನಲ್ಲಿ ನೆನೆಹಾಕಬೇಕು. ಬೋಟಿನ ಮೇಲೆ ಒಮ್ಮೆ ಅದ್ದಿದರೂ ಮನೆಗೆ ಬಂದು ಒಂದು ರಾತ್ರಿ ಇಡುವುದು ಒಳ್ಳೆಯದು. ನಮ್ಮ ಓಣಿಗೆ ನಳ ಬರುವುದು ವಾರಕ್ಕೊಮ್ಮೆ. “ಕುಡ್ಯಾಕ ತುಂಬಿಟ್ಟ ನೀರಾಗ ಈ ಡಬ್ಬಿ ಜಳಕಾ ಮಾಡಬೇಕೇನೋ?” ಅಂತ ಅವ್ವ ಬಕೆಟ್ ಕಸಿದುಕೊಂಡಳು. ಸರಿ ಅಂತ ಬೋರಿನ ಸವಳು ನೀರಿಗೆ ಹಾಕಿದೆ. ಒಣಗಿದ ಮೇಲೆ ಗಾಜಿನ ಮೇಲೆ ಸುಣ್ಣದ ಚುಕ್ಕಿ, ತಿಕ್ಕಿದರೆ ಗೀರು. ಈಗ ಗುಂಡಿಗಳನ್ನು ಒತ್ತುತ್ತ ಒಂದು ತಾಸು ಒಂದು ಲೀಟರ್ ನಳದ ನೀರಿನ ಡಬರಿಯಲ್ಲಿ ಇಡುತ್ತೇನೆ. ಆ ನೀರನ್ನು ಆಮೇಲೆ ಅವ್ವ ಅಂಗಳಕ್ಕೆ ಚಿಮುಕಿಸುತ್ತಾಳೆ. ಇಬ್ಬರಿಗೂ ಒಪ್ಪಿಗೆ.

ಅಂಕ ಕೊಡುವುದಾದರೆ ಐದಕ್ಕೆ ಮೂರೂವರೆ. ಹೌಸಿಂಗ್ ಮತ್ತು ಗುಂಡಿಗಳು ನಾಲ್ಕು ಸೀಸನ್ ತಾಳಿದ್ದಕ್ಕೆ ಪೂರ್ತಿ ಅಂಕ, ಹತ್ತಿರದ ಫೋಕಸ್ ಇಲ್ಲದ್ದಕ್ಕೆ ಒಂದು ಕಡಿತ, ಬ್ಯಾಟರಿಗೆ ಅರ್ಧ. ಈಜು ಬಾರದೆ ಬೋಟಿನವರ ಜೊತೆ ಒಂದೇ ಸಲ ನೀರಿಗಿಳಿಯುವ ವಿಚಾರ ಇದ್ದವರಿಗೆ ಕೊಳ್ಳುವುದು ದಂಡ. ಅಲ್ಲೇ ಅವರೇ ವಿಡಿಯೋ ತೆಗೆದು ಕೊಡುತ್ತಾರೆ. ಹತ್ತಿಪ್ಪತ್ತು ಡೈವ್ ಆದವರು ಹಳೇ ಮಾದರಿಯನ್ನೇ ತಗೊಂಡು ಉಳಿದ ರೊಕ್ಕ ಟಾರ್ಚಿಗೆ ಹಾಕಲಿ.

ಹೊಸತರಲ್ಲಿ ಒಂದೂವರೆ ತಾಸು ಬರುತ್ತಿದ್ದ ಮೊದಲ ಬ್ಯಾಟರಿ ಈಗ ನಲವತ್ತು ನಿಮಿಷಕ್ಕೆ ಕೈ ಎತ್ತುತ್ತದೆ. ನನ್ನ ಸಿಲಿಂಡರಿನ ಗಾಳಿಯೂ ಅಷ್ಟೇ ಹೊತ್ತು ಬರುವುದರಿಂದ ಇನ್ನೂ ಬದಲಿಸಿಲ್ಲ. ಮಳೆಗಾಲ ಮುಗಿದು ಬೋಟ್ ಶುರುವಾಗುವ ಮೊದಲು ಎರಡು ಹೊಸ ಸೀಲ್ ಮಾತ್ರ ತರಿಸಬೇಕು.