ಹಳೆಯ ಜಾಝ್ ಬೇಸ್‌ನ ನಾದ, ಹೊಸ ಕಸ್ಟಮ್ ಬೇಸ್‌ನಲ್ಲಿ: ಕಟ್ಟಿಸಿದವರ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಈ ಬೇಸ್ ಗಿಟಾರ್ ನನಗೆ ತುಂಬಾ ಹಿಡಿಸಿದೆ. ನನ್ನ ಬಳಿ 60ರ ದಶಕದ ಜಾಝ್ ಬೇಸ್ ಒಂದಿದೆ, ಅಂದರೆ ಅಮೆರಿಕದ ಫೆಂಡರ್ ಕಂಪನಿಯ ಒಂದು ಬೇಸ್ ಗಿಟಾರ್ ಮಾದರಿ. ಅದರ ನಾದ ಬಿಟ್ಟು ನನಗೆ ಬೇರೆ ನಾದ ಬೇಡ. ಆದರೆ ಅದನ್ನು ಪ್ರತಿ ಕಾರ್ಯಕ್ರಮಕ್ಕೂ ಹೊತ್ತುಕೊಂಡು ಹೋಗುವ ಧೈರ್ಯ ಈಗ ಇಲ್ಲ. ಹಾಗಾಗಿ ಅದೇ ನಾದ ಕೊಡುವ ಇನ್ನೊಂದು ವಾದ್ಯ ಮಾಡಿಕೊಡಿ ಅಂತ ಗಿಟಾರ್ ಕಟ್ಟುವವರೊಬ್ಬರನ್ನು ಕೇಳಿದೆ. ಬಂದಿರುವ ವಾದ್ಯ ಚೆನ್ನಾಗಿದೆ, ಕೆಲಸವೂ ಚೆನ್ನಾಗಿದೆ, ಕೆಲವು ಕಡೆ ಮಾತ್ರ ಬೇಸರವಿದೆ. ಅದನ್ನೂ ಬರೆಯುತ್ತೇನೆ.

ಭಯ ಸುಮ್ನೆ ಅಲ್ಲ. ಹೆಸರಾಂತ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಅವರ 1962ರ ಜಾಝ್ ಬೇಸ್ 1986ರಲ್ಲಿ ಕಳವಾಯಿತು, ಮತ್ತೆ ಕಣ್ಣಿಗೆ ಬೀಳಲು ಸುಮಾರು ಎರಡು ದಶಕ ಬೇಕಾಯಿತು. ಇನ್ನೊಬ್ಬ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ ಅವರ 1962ರ ಪ್ರಿಸಿಷನ್ ಬೇಸ್ (ಫೆಂಡರ್‌ನದೇ ಬೇರೆ ಮಾದರಿ) ಅವರು 1983ರಲ್ಲಿ ತೀರಿಕೊಳ್ಳುವ ಸ್ವಲ್ಪ ಮುಂಚೆ ಕಳವಾಯಿತು. ಇಂಥ ವಾದ್ಯ ಒಂದು ಸಲ ಕೈತಪ್ಪಿದರೆ ದುಡ್ಡು ಕೊಟ್ಟು ವಾಪಸ್ ತರುವ ಹಾಗಿಲ್ಲ.

ಇವರನ್ನೇ ಆರಿಸಿಕೊಳ್ಳಲು ಕಾರಣ ಒಂದೇ. ಬೇರೆಯವರ ಹತ್ತಿರ ವಿಚಾರಿಸಿದಾಗ ಮಾತು ಶುರುವಾಗಿದ್ದು ಮರದಿಂದ. ಯಾವ ಮರ, ಎಷ್ಟು ಹಳೆಯದು, ಎಷ್ಟು ಒಣಗಿದೆ, ಹೀಗೆ. ಇವರು ಮರದ ಮಾತೇ ತೆಗೆಯಲಿಲ್ಲ. "ಹಳೆಯದನ್ನು ತನ್ನಿ, ಮೊದಲು ಅಳೆಯೋಣ" ಅಂದರು. ಅದರ ಜೊತೆಗೆ ನಾನು ನುಡಿಸುವ ಕೇಬಲ್ಲು, ಆಂಪು, ತಂತಿ ಯಾವುದು, ಬೆರಳು ಎಲ್ಲಿ ಇಡುತ್ತೇನೆ ಅಂತಲೂ ಕೇಳಿದರು. ನಾದ ನಕಲು ಮಾಡುವ ಕೆಲಸ ಹೀಗೇ ಶುರುವಾಗಬೇಕು ಅಂತ ನನಗೆ ಅನ್ನಿಸಿದ್ದು ಆವತ್ತೇ. ಈಗ ವಾದ್ಯ ಕೈಯಲ್ಲಿರುವಾಗ ಆ ಅನಿಸಿಕೆ ಇನ್ನೂ ಗಟ್ಟಿಯಾಗಿದೆ.

ಅಳತೆಯಲ್ಲಿ ಮೊದಲು ಬಂದದ್ದು ಪಿಕಪ್ (ತಂತಿಯ ಅಲುಗಾಟವನ್ನು ವಿದ್ಯುತ್ ಸಂಕೇತ ಮಾಡುವ ಮ್ಯಾಗ್ನೆಟ್ ಮತ್ತು ಸುರುಳಿ) ಇರುವ ಜಾಗ. ತೆರೆದ ತಂತಿಯ ಉದ್ದ ಎರಡರಲ್ಲೂ 34 ಇಂಚು, ಅದು ಎಲ್ಲರಿಗೂ ಗೊತ್ತಿರುವುದೇ. ಆದರೆ 60ರ ದಶಕದ ಜಾಝ್ ಬೇಸ್‌ನಲ್ಲಿ ಎರಡು ಪಿಕಪ್‌ಗಳ ನಡುವೆ ಸುಮಾರು 3.6 ಇಂಚು, 70ರ ದಶಕದ್ದರಲ್ಲಿ ಸುಮಾರು 4 ಇಂಚು. 70ರಲ್ಲಿ ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳ ತುದಿ ಕೂರುವ ಲೋಹದ ಭಾಗ) ಕಡೆಯ ಪಿಕಪ್ಪನ್ನು ಹತ್ತಿರ ಹತ್ತಿರ 1 ಸೆಂಟಿಮೀಟರಿನಷ್ಟು ಬ್ರಿಡ್ಜ್ ಕಡೆಗೆ ಸರಿಸಿದರು. ಅಷ್ಟೇನಾ ಅನ್ನಬೇಡಿ. ತಂತಿ ಅಲುಗುವಾಗ ಮೂಲ ಸ್ವರದ ಜೊತೆ ಅದರ ಎರಡು ಪಟ್ಟು, ಮೂರು ಪಟ್ಟಿನ ಸ್ವರಗಳೂ ಹುಟ್ಟುತ್ತವೆ, ಆ ಒಂದೊಂದಕ್ಕೂ ತಂತಿಯ ಮೇಲೆ ಅಲುಗದೇ ಇರುವ ಜಾಗಗಳಿವೆ. ಪಿಕಪ್ ಅಂಥ ಜಾಗದ ಕೆಳಗೆ ಕೂತರೆ ಆ ಸ್ವರ ಅದಕ್ಕೆ ಕೇಳಿಸುವುದೇ ಇಲ್ಲ. ಎರಡೂ ಪಿಕಪ್ ಒಟ್ಟಿಗೆ ತೆರೆದಾಗ ಕೆಲವು ಮೇಲಿನ ಸ್ವರಗಳು ಒಂದನ್ನೊಂದು ಕಳೆಯುತ್ತವೆ, ಕೆಲವು ಕೂಡುತ್ತವೆ. ಜಾಝ್ ಬೇಸ್‌ನಲ್ಲಿ ಮಧ್ಯದ ಸ್ವರಗಳು ಸ್ವಲ್ಪ ತಗ್ಗಿದಂಥ ನಾದ ಬರುವುದರಲ್ಲಿ ಇದರ ಪಾಲು ದೊಡ್ಡದು. ಹಾಗಾಗಿ ಆ ಅಂತರ ತಪ್ಪಿದರೆ, ಉಳಿದದ್ದೆಲ್ಲ ಸರಿ ಮಾಡಿದರೂ ನಾದ ಅಲ್ಲಿಗೆ ಬರುವುದಿಲ್ಲ. ಬ್ರಿಡ್ಜ್ ಪಿಕಪ್ಪಿನ ನಾದ ಚುರುಕಾಗಿ, ತೆಳ್ಳಗಾಗಿ 70ರ ಕಡೆ ವಾಲಿಬಿಡುತ್ತದೆ. ಇವರು ಪೆನ್ಸಿಲ್ ಗುರುತು ನಂಬದೆ ನನ್ನ ಹಳೆಯ ಬೇಸ್‌ನ ಮೇಲೇ ಕ್ಯಾಲಿಪರ್ ಇಟ್ಟು ಅಳೆದರು. ಬ್ರಿಡ್ಜ್‌ನ ಸ್ಯಾಡಲ್ (ತಂತಿ ಕೂರುವ ತುಂಡು) ತುದಿಯಿಂದ ಪಿಕಪ್ಪಿನ ಕಂಬಗಳ ಮಧ್ಯಕ್ಕೆ. ಹೊಸದರಲ್ಲಿ ನಾನು ಅಳೆದು ನೋಡಿದೆ, ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇಲ್ಲ.

ಪಿಕಪ್ ಅವರೇ ಸುತ್ತಿದ್ದು. ಇದು ನನ್ನ ಮಟ್ಟಿಗೆ ಇಡೀ ಕೆಲಸದ ಜೀವ. ಮ್ಯಾಗ್ನೆಟ್ ಅಲ್ನಿಕೋ 5 ಅನ್ನುವ ಮಿಶ್ರಲೋಹದ್ದು, ಸುತ್ತಿದ ತಾಮ್ರದ ತಂತಿ 42 ಗೇಜಿನದು, ಅಂದರೆ ಸುಮಾರು 0.063 ಮಿಲಿಮೀಟರ್, ತಲೆಕೂದಲಿನಷ್ಟು ತೆಳು. ಎಷ್ಟೋ ಜನ ಪಿಕಪ್ ಅಂದರೆ ಓಮ್ ಲೆಕ್ಕ, ಅಂದರೆ ವಿದ್ಯುತ್ ರೋಧ, ಮಾತ್ರ ನೋಡುತ್ತಾರೆ. ಇವರು ಅದನ್ನು ಬಿಡಿಸಿ ಹೇಳಿದರು: ತಾಮ್ರದ ರೋಧ ಉಷ್ಣಾಂಶ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಶೇಕಡಾ 0.4ರಷ್ಟು ಏರುತ್ತದೆ. ತಂಪಾದ ಕೋಣೆಯಲ್ಲಿ 7.5 ಕಿಲೋಓಮ್ ತೋರಿಸಿದ ಪಿಕಪ್ಪು ಅದಕ್ಕಿಂತ 10 ಡಿಗ್ರಿ ಹೆಚ್ಚಿನ ಸೆಕೆಯಲ್ಲಿ 7.8 ತೋರಿಸುತ್ತದೆ, ಪಿಕಪ್ಪೇನೂ ಬದಲಾಗಿರುವುದಿಲ್ಲ. ಅದಕ್ಕೇ ಹಳೆಯದನ್ನೂ ಹೊಸದನ್ನೂ ಒಂದೇ ಹೊತ್ತಿನಲ್ಲಿ, ಒಂದೇ ಮೇಜಿನ ಮೇಲೆ ಇಟ್ಟು ಅಳೆದರು. ಓಮ್ ಜೊತೆ ಇಂಡಕ್ಟೆನ್ಸ್ (ಬದಲಾಗುವ ಕರೆಂಟಿಗೆ ಸುರುಳಿ ತೋರುವ ತಡೆಯ ಅಳತೆ) ಕೂಡ ನೋಡಿದರು, ಯಾಕೆಂದರೆ ಪಿಕಪ್ ಎಲ್ಲಿ ಮಿಂಚುತ್ತದೆ, ಎಲ್ಲಿಂದ ಮಂದವಾಗುತ್ತದೆ ಅನ್ನುವುದನ್ನು ತೀರ್ಮಾನ ಮಾಡುವುದು ಇಂಡಕ್ಟೆನ್ಸು, ಪಾಟ್‌ಗಳು (ವಾಲ್ಯೂಮ್, ಟೋನ್ ತಿರುಗಿಸುವ ಗುಂಡಿಯ ಒಳಗಿನ ಭಾಗ) ಮತ್ತು ಕೇಬಲ್ಲಿನ ಕೆಪಾಸಿಟನ್ಸು ಸೇರಿ. ಆಮೇಲೆ ಮ್ಯಾಗ್ನೆಟ್‌ಗಳನ್ನು ಬೇಕಂತಲೇ ಸ್ವಲ್ಪ ದುರ್ಬಲ ಮಾಡಿದರು. ಹಳೆಯದರ ಮ್ಯಾಗ್ನೆಟ್‌ಗಳ ಶಕ್ತಿ ಅಳತೆಯಲ್ಲಿ ಕಡಿಮೆ ಬಂದಿತ್ತು, ಹೊಸದಾಗಿ ಪೂರ್ತಿ ಚಾರ್ಜ್ ಮಾಡಿದವು ತಂತಿಯ ಹೊಡೆತಕ್ಕೆ ಜಾಸ್ತಿ ಗಡಸಾಗಿ ಉತ್ತರ ಕೊಡುತ್ತಿದ್ದವು. ಸುರುಳಿ ಅಲುಗದಂತೆ ಮೇಣದಲ್ಲಿ ಅದ್ದುವುದನ್ನೂ ತೆಳುವಾಗಿಯೇ ಮಾಡಿದ್ದಾರೆ. ನನ್ನ ಹಳೆಯದರಲ್ಲಿ ಪಿಕಪ್ಪಿನ ಮೇಲೆ ಬೆರಳು ತಗುಲಿದರೆ ಟಕ್ ಅಂತ ಕೇಳಿಸುತ್ತದೆ, ಹೊಸದರಲ್ಲೂ ಕೇಳಿಸುತ್ತದೆ. ಹೆಬ್ಬೆರಳನ್ನು ಪಿಕಪ್ಪಿನ ಮೇಲಿಟ್ಟು ನುಡಿಸುವ ನನ್ನಂಥವರಿಗೆ ಇದು ಎಷ್ಟು ಮುಖ್ಯ ಅನ್ನುವುದು ನುಡಿಸುವವರಿಗೇ ಗೊತ್ತು.

ಒಳಗಿನ ವೈರಿಂಗ್ ಸರಳ. ಎರಡು ವಾಲ್ಯೂಮ್, ಒಂದು ಟೋನ್, ಮೂರೂ 250 ಕಿಲೋಓಮ್ ಪಾಟ್, 0.047 ಮೈಕ್ರೋಫ್ಯಾರಡ್ ಕೆಪಾಸಿಟರ್. ಆದರೆ 250 ಅಂತ ಬರೆದಿರುವ ಪಾಟು ನಿಜವಾಗಿ 200 ಇರಬಹುದು, 300 ಇರಬಹುದು, ಶೇಕಡಾ 20ರ ಏರಿಳಿತ ಮಾಮೂಲು. ಇವರು ನನ್ನ ಹಳೆಯದರ ಒಂದೊಂದು ಪಾಟನ್ನೂ ಅಳೆದು, ತಮ್ಮ ಡಬ್ಬದಿಂದ ಅದಕ್ಕೆ ಹತ್ತಿರ ಇರುವುದನ್ನೇ ಹುಡುಕಿ ಹಾಕಿದ್ದಾರೆ. ಖರ್ಚಿಲ್ಲದ ಕೆಲಸ, ತಾಳ್ಮೆ ಮಾತ್ರ ಬೇಕು. ಟೋನ್ ಪೂರ್ತಿ ತೆರೆದಾಗ ಇದರ ಫಲ ಕಿವಿಗೆ ಬೀಳುತ್ತದೆ.

ಇಲ್ಲಿ ಒಂದು ತಕರಾರು. ಜಾಝ್ ಬೇಸ್‌ನಲ್ಲಿ ಎರಡೂ ಪಿಕಪ್ ಪೂರ್ತಿ ತೆರೆದಾಗ ಗುಂಯ್ ಅನ್ನುವ ಕರೆಂಟಿನ ಸದ್ದು ಒಂದರದ್ದು ಇನ್ನೊಂದರಿಂದ ಅಳಿದುಹೋಗುತ್ತದೆ. ಒಂದನ್ನು ಸ್ವಲ್ಪ ಇಳಿಸಿದರೆ ಸದ್ದು ಮತ್ತೆ ಬರುತ್ತದೆ. ಹೊಸದರಲ್ಲೂ ಹಾಗೇ ಇದೆ. ನಕಲು ಅಂದಮೇಲೆ ಅದೂ ಬರಲಿ ಅಂತ ಅವರು ಅಂದುಕೊಂಡಿರಬಹುದು. ಆದರೆ ಪಿಕಪ್ ಕೂರುವ ಗುಂಡಿಗೆ ತಾಮ್ರದ ಹಾಳೆ ಹಾಕಿ ಸ್ವಲ್ಪ ಕಡಿಮೆ ಮಾಡಬಹುದಿತ್ತು, ಕನಿಷ್ಠ ನನ್ನನ್ನು ಒಂದು ಮಾತು ಕೇಳಬಹುದಿತ್ತು. ವೇದಿಕೆಯ ದೀಪಗಳ ಹತ್ತಿರ ನಿಂತರೆ ಈ ಸದ್ದು ನಿಜಕ್ಕೂ ಕಿರಿಕಿರಿ.

ಈಗ ಮರ. ಬಾಡಿ ಆಲ್ಡರ್, ನೆಕ್ (ಎಡಗೈ ಹಿಡಿಯುವ ಉದ್ದ ಭಾಗ) ಮೇಪಲ್, ಮೇಲೆ ಬೀಟೆ ಮರದ ಫ್ರೆಟ್‌ಬೋರ್ಡ್, ಅಂದರೆ ಫ್ರೆಟ್ ಅನ್ನುವ ಲೋಹದ ಅಡ್ಡಪಟ್ಟಿಗಳಿರುವ ಹಲಗೆ. ಬಾಡಿಗೆ ಹಳೆಯದರ ತೂಕಕ್ಕೆ ಹತ್ತಿರ ಇರುವ ಹಲಗೆ ಆರಿಸಿದರು, ಅಲ್ಲಿಗೆ ಮುಗಿಯಿತು. ಅವರು ಹೆಚ್ಚು ಹೊತ್ತು ಕಳೆದದ್ದು ನೆಕ್ ಮೇಲೆ. ಬೇಸ್ ನುಡಿಸುವ ಎಲ್ಲರಿಗೂ ಗೊತ್ತಿರುವ ಸಂಗತಿ, ಈ ಬಗೆಯ ವಾದ್ಯಗಳಲ್ಲಿ ಜಿ ತಂತಿಯ (ನಾಲ್ಕರಲ್ಲಿ ಅತಿ ತೆಳುವಾದದ್ದು) 5ರಿಂದ 7ನೇ ಫ್ರೆಟ್ ಆಸುಪಾಸಿನಲ್ಲಿ ಒಂದು ಸ್ವರ ಬೇಗ ಸತ್ತುಹೋಗುತ್ತದೆ. ಆ ಸ್ವರದ ಕಂಪನ ನೆಕ್‌ನ ಸ್ವಂತ ಕಂಪನಕ್ಕೆ ಹೊಂದಿಕೊಂಡು, ತಂತಿಯ ಶಕ್ತಿಯನ್ನು ನೆಕ್ ಎಳೆದುಕೊಳ್ಳುತ್ತದೆ. ನನ್ನ ಹಳೆಯದರಲ್ಲಿ ಅದು 6ನೇ ಫ್ರೆಟ್. ಹೊಸದರಲ್ಲೂ ಅದೇ ಜಾಗದಲ್ಲಿ ಬರುತ್ತದಾ ಅಂತ ಕೇಳಿದ್ದಕ್ಕೆ, "ಅದು ಆ ಮರದ ತುಂಡಿಗೆ ಬಿಟ್ಟದ್ದು, ಮಾತು ಕೊಡೋಕಾಗಲ್ಲ" ಅಂತ ನೇರವಾಗಿ ಹೇಳಿದರು. ಆ ನೇರ ಮಾತು ನನಗೆ ಇಷ್ಟವಾಯಿತು. ಹೊಸದರಲ್ಲಿ ಅದು 5ನೇ ಫ್ರೆಟ್ಟಿಗೆ ಬಂದಿದೆ, ಹಳೆಯದಕ್ಕಿಂತ ಸೌಮ್ಯ. ಹೆಡ್‌ಸ್ಟಾಕಿಗೆ (ನೆಕ್‌ನ ತುದಿಯ ತಲೆಭಾಗ) ಸಣ್ಣ ತೂಕ ಸಿಕ್ಕಿಸಿದರೆ ಜಾಗ ಬದಲಾಗುತ್ತದೆ. ನಾನು ಸಿಕ್ಕಿಸಿ ನೋಡಿ ತೆಗೆದುಬಿಟ್ಟೆ, ಇರುವುದೇ ಸಾಕು.

ನೆಕ್ ಹಿಡಿದಾಗಿನ ಅನುಭವ ಮಾತ್ರ ಅಚ್ಚರಿ ಆಗುವಷ್ಟು ಒಂದೇ. ನಟ್ (ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಕೊರೆತಗಳ ಪಟ್ಟಿ) ಹತ್ತಿರ 1.5 ಇಂಚು ಅಗಲ, ಫ್ರೆಟ್‌ಬೋರ್ಡಿನ ಬಾಗು 7.25 ಇಂಚು ತ್ರಿಜ್ಯದ್ದು. ಹಿಂಬದಿಯ ಉಬ್ಬನ್ನು ಹಳೆಯದರಿಂದ ಅಚ್ಚು ತೆಗೆದು ಹಲವು ಕಡೆ ಹೊಂದಿಸಿದ್ದಾರೆ. ಇದು ನಾದಕ್ಕೆ ಸಂಬಂಧವಿಲ್ಲ ಅಂತ ನೀವು ಅನ್ನಬಹುದು. ಇದೆ. ಕೈ ಅದೇ ಥರ ಕೂತರೆ ಬೆರಳು ಅದೇ ಥರ ಬೀಳುತ್ತದೆ, ಅದೇ ಒತ್ತಡ, ಅದೇ ಕೋನ. ಬೇಸ್‌ನಲ್ಲಿ ಅರ್ಧ ನಾದ ಬೆರಳಿನಲ್ಲೇ ಇರುತ್ತದೆ ಅಲ್ವಾ.

ಹೋಲಿಸಿ ನೋಡುವ ದಿನ ಹಳೆಯದರ ಫ್ಲಾಟ್‌ವೌಂಡ್ (ಚಪ್ಪಟೆ ಪಟ್ಟಿ ಸುತ್ತಿದ, ನುಣುಪಾದ) ತಂತಿಗಳನ್ನೇ ಬಿಚ್ಚಿ ಹೊಸದಕ್ಕೆ ಹಾಕಿದೆವು. ಅದಕ್ಕೆ ಮುಂಚೆ, ಹೊಸ ತಂತಿ ಇದ್ದಾಗ, ಎರಡೂ ಬೇರೆ ಬೇರೆ ವಾದ್ಯ ಅಂತ ಯಾರು ಬೇಕಾದರೂ ಹೇಳುತ್ತಿದ್ದರು. ಹಳೆಯ ತಂತಿ ಬಂದ ತಕ್ಷಣ ಆ ವ್ಯತ್ಯಾಸ ಬಹುಪಾಲು ಕರಗಿಹೋಯಿತು. ಇದನ್ನು ಎಲ್ಲರೂ ಮೊದಲು ಮಾಡಿ ನೋಡಬೇಕು. ತಂತಿ, ಪಿಕಪ್ಪಿನ ಎತ್ತರ, ತಂತಿಯ ಎತ್ತರ, ಈ ಮೂರನ್ನು ಹೊಂದಿಸಿದರೆ ಈಗಾಗಲೇ ಕೈಯಲ್ಲಿರುವ ಸಾಧಾರಣ ಜಾಝ್ ಬೇಸ್ ಕೂಡ ನಿಮಗೆ ಬೇಕಾದ ಕಡೆ ಸಾಕಷ್ಟು ದೂರ ಬರುತ್ತದೆ. ಅಷ್ಟರಲ್ಲೇ ತೃಪ್ತಿ ಸಿಕ್ಕರೆ ಕಸ್ಟಮ್ ಕಟ್ಟಿಸುವ ಅಗತ್ಯವೇ ಇಲ್ಲ.

ಆಮೇಲೆ ಗೆಳೆಯರೊಬ್ಬರು ಎರಡನ್ನೂ ನುಡಿಸಿದರು, ನಾನು ಬೆನ್ನು ಹಾಕಿ ಕೂತೆ. ಅದೇ ಕೇಬಲ್, ಆಂಪ್ ಇಲ್ಲದೆ ನೇರ ರೆಕಾರ್ಡಿಂಗ್, ಎರಡರ ಧ್ವನಿಮಟ್ಟವನ್ನೂ ಸಮ ಮಾಡಿ. ಮಟ್ಟ ಸಮ ಮಾಡದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ತೀರ್ಪು ಕೊಟ್ಟುಬಿಡುತ್ತದೆ. ದಪ್ಪನೆಯ ಇ ಮತ್ತು ಎ ತಂತಿಗಳಲ್ಲಿ, ನಾನು ಜಾಸ್ತಿ ನುಡಿಸುವ ಕೆಳಗಿನ ಫ್ರೆಟ್‌ಗಳಲ್ಲಿ, ನನಗೆ ಯಾವುದು ಯಾವುದು ಅಂತ ಗೊತ್ತಾಗಲಿಲ್ಲ. ಬ್ರಿಡ್ಜ್ ಪಿಕಪ್ ಒಂದೇ ತೆರೆದು ಟೋನ್ ಸ್ವಲ್ಪ ಇಳಿಸಿದಾಗ ಬರುವ ಆ ಗೊಗ್ಗರು ದನಿ ಹಾಗೇ ಬಂತು. ಕೇಳುತ್ತಾ ಕೂತಾಗ ಆದ ಖುಷಿಯನ್ನು ಮುಚ್ಚಿಡುವುದಿಲ್ಲ. ಮೇಲಿನ ಫ್ರೆಟ್‌ಗಳಲ್ಲಿ, ಡಿ ಮತ್ತು ಜಿ ತಂತಿಗಳಲ್ಲಿ, ವ್ಯತ್ಯಾಸ ಇದೆ. ಹಳೆಯದರ ಸ್ವರ ಹೊಡೆದ ಕೂಡಲೇ ಅರಳಿ ಬೇಗ ತಗ್ಗುತ್ತದೆ, ಹೊಸದು ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತದೆ. ಸೋಲೋ ನುಡಿಸುವವರಿಗೆ ಹೊಸದೇ ಇಷ್ಟವಾಗಬಹುದು. ನನಗೆ ಹಳೆಯದು.

ಇನ್ನು ಬೇಸರದ ಮಾತು. ಹೇಳಿದ ಸಮಯಕ್ಕೆ ಕೊಡಲಿಲ್ಲ. ತಡ ಆಗುವುದು ಸಹಜ, ಕೈಕೆಲಸ. ಆದರೆ ನಡುವೆ ಮೆಸೇಜಿಗೂ ಉತ್ತರ ಇಲ್ಲದೆ ಕಾಯಿಸಿದ್ದು ಸರಿಯಲ್ಲ, ಅದೂ ನನ್ನ ಹಳೆಯ ವಾದ್ಯ ಅವರ ಬಳಿಯೇ ಇದ್ದಾಗ. ಎರಡನೆಯದು, ಹೊರಗಿನ ಲೇಪ ನೈಟ್ರೋಸೆಲ್ಯುಲೋಸ್ ಲ್ಯಾಕರ್. ನೋಡಲು ಬಹಳ ಚಂದ, ಆದರೆ ಅದಕ್ಕೂ ಸ್ಟ್ಯಾಂಡಿನ ರಬ್ಬರಿಗೂ ಆಗಿಬರುವುದಿಲ್ಲ, ರಬ್ಬರ್ ತಗುಲಿದ ಕಡೆ ಲೇಪ ಮೆತ್ತಗಾಗಿ ಕಲೆ ಬೀಳುತ್ತದೆ. ವಾದ್ಯದ ಜೊತೆ ಈ ಎಚ್ಚರಿಕೆಯನ್ನು ಒಂದು ಚೀಟಿಯಲ್ಲಿ ಬರೆದು ಕೊಡಬೇಕಿತ್ತು. ಮೂರನೆಯದು, ನಟ್‌ನಲ್ಲಿ ಇ ತಂತಿಯ ಕೊರೆತ ಇನ್ನೂ ಎತ್ತರ. 1ನೇ ಫ್ರೆಟ್ಟಿನಲ್ಲಿ ಒತ್ತಿದರೆ ಶ್ರುತಿ ಸ್ವಲ್ಪ ಏರುತ್ತದೆ. ಉಳಿದದ್ದನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿದವರು ಇದನ್ನು ಹೇಗೆ ಬಿಟ್ಟರೋ.

ಒಂದು ಮಾತು ಆರ್ಡರ್ ಕೊಡುವವರಿಗೆ. ಮೂಲ ವಾದ್ಯ ನಿಮ್ಮ ಕೈಯಲ್ಲಿದ್ದರೆ ಮಾತ್ರ ಈ ದಾರಿ ಫಲ ಕೊಡುತ್ತದೆ. ರೆಕಾರ್ಡಿಂಗಿನಲ್ಲಿ ಕೇಳಿದ ನಾದ ಬೇಕು ಅಂತ ಹೋದರೆ ಕಟ್ಟುವವರು ಯಾವುದನ್ನು ಅಳೆಯಬೇಕು? ಜೇಮರ್‌ಸನ್ ಅವರ ನಾದವನ್ನೇ ತೆಗೆದುಕೊಳ್ಳಿ. ದಪ್ಪ ಫ್ಲಾಟ್‌ವೌಂಡ್ ತಂತಿ, ಬದಲಿಸದೆ ಬಿಟ್ಟದ್ದು, ಬ್ರಿಡ್ಜ್ ಮುಚ್ಚಳದ ಕೆಳಗೆ ಫೋಮು, ಬಲಗೈಯಲ್ಲಿ ತೋರುಬೆರಳು ಒಂದೇ, ಸಿಗ್ನಲ್ ನೇರ ಸ್ಟುಡಿಯೋದ ಕನ್ಸೋಲಿಗೆ. ಇದರಲ್ಲಿ ಮರ ಕಡಿದು ಮಾಡಬೇಕಾದ್ದು ಎಷ್ಟಿದೆ ನೋಡಿ. ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಅವರ ನಾದ ಬೇಕಾದರೆ ಇನ್ನೊಂದು ದಾರಿ, ಅವರ 1977ರ ಜಾಝ್ ಬೇಸ್‌ಗೆ ಗಿಟಾರ್ ಕಟ್ಟುವ ರೋಜರ್ ಸಡೋವ್‌ಸ್ಕಿ ಪ್ರಿಆಂಪ್ (ವಾದ್ಯದೊಳಗೇ ಸಿಗ್ನಲ್ ಹೆಚ್ಚಿಸುವ ಸರ್ಕ್ಯೂಟ್) ಹಾಕಿಕೊಟ್ಟಿದ್ದರು, ಹಾಗಾಗಿ ನನ್ನದರಂಥ ಬರೀ ಪಾಟ್, ಕೆಪಾಸಿಟರ್ ಇರುವ ನಕಲು ಅಲ್ಲಿಗೆ ಮುಟ್ಟುವುದೇ ಇಲ್ಲ. ಯಾವ ನಾದ, ಅದರಲ್ಲಿ ವಾದ್ಯದ ಪಾಲು ಯಾವುದು, ಇದನ್ನು ಮೊದಲು ಬಿಡಿಸಿಕೊಂಡು ಹೋಗಿ. ಕಟ್ಟುವವರು ಇಂಡಕ್ಟೆನ್ಸ್ ಅಳೆಯುತ್ತಾರಾ ಅಂತ ಕೇಳಿ. ಪಿಕಪ್ ಸುತ್ತುವುದು ಅವರೇನಾ, ಹೊರಗಿನಿಂದ ತರಿಸುತ್ತಾರಾ ಅಂತಲೂ ಕೇಳಿ. ಬಂದ ಮೇಲೆ ನಾದ ಹೊಂದದಿದ್ದರೆ ಮತ್ತೆ ಸುತ್ತಿಕೊಡುವ ಮಾತನ್ನು ಬರೆದು ತೆಗೆದುಕೊಳ್ಳಿ, ನಾನು ತೆಗೆದುಕೊಂಡಿದ್ದೆ. ಬಳಸುವ ಅಗತ್ಯ ಬೀಳಲಿಲ್ಲ.

ನನ್ನ ಅಂಕ 5ಕ್ಕೆ 4. ಕಳೆದ 1 ಅಂಕ ಪೂರ್ತಿ ತಡಕ್ಕೆ ಮತ್ತು ಉತ್ತರ ಕೊಡದೇ ಇದ್ದದ್ದಕ್ಕೆ, ವಾದ್ಯಕ್ಕಲ್ಲ. ನಟ್ ಸರಿ ಮಾಡಿಕೊಡಲು ಒಪ್ಪಿದ್ದಾರೆ, ಪಿಕಪ್ ಗುಂಡಿಗಳಿಗೆ ತಾಮ್ರದ ಹಾಳೆಯನ್ನೂ ಅದೇ ಹೊತ್ತಿಗೆ ಹಾಕಿಸುತ್ತಿದ್ದೇನೆ. ಹಾಳೆ ಹಾಕಿದರೆ ಮೇಲಿನ ಮಿಂಚು ಸ್ವಲ್ಪ ಕಡಿಮೆ ಆಗುತ್ತದೆ ಅನ್ನುವವರೂ ಇದ್ದಾರೆ, ಅದಕ್ಕೆ ಮುಂಚೆ ಒಂದು ರೆಕಾರ್ಡಿಂಗ್ ಮಾಡಿ ಇಟ್ಟಿದ್ದೇನೆ. ವಾಪಸ್ ಬಂದ ಮೇಲೆ ಹೋಲಿಸಿ ಇಲ್ಲೇ ಸೇರಿಸುತ್ತೇನೆ.