ಶರಾವತಿ ಹಿನ್ನೀರಿನ ಟೆಂಟ್‌ಗೆ ಅಡ್ವಾನ್ಸ್ ಹಾಕುವ ಮೊದಲು ಇದನ್ನು ಓದಿ

ಬೇಸಿಗೆ ರಜೆ ಶುರುವಾಗಿದೆ. ಹಿನ್ನೀರ ದಡದಲ್ಲಿ ಟೆಂಟ್, ಕಯಾಕ್, ರಾತ್ರಿ ಕ್ಯಾಂಪ್‌ಫೈರ್ ಅಂತ ರೀಲ್ಸ್ ಮೇಲೆ ರೀಲ್ಸ್ ಬರುತ್ತಿವೆ. ದಯವಿಟ್ಟು ದುಡ್ಡು ಹಾಕುವ ಮೊದಲು ಇದನ್ನು ಓದಿ. ನಾನು ಈ ತಿಂಗಳ ಎರಡನೇ ಶನಿವಾರ ಹೋಗಿ ಮೂರ್ಖನಾಗಿ ಬಂದಿದ್ದೇನೆ. ಒಬ್ಬನೇ ಹೋಗಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ಹೆಂಡತಿ, ಮಕ್ಕಳು, ಸಾಲದ್ದಕ್ಕೆ ಭಾವಮೈದುನನ ಸಂಸಾರ. ಎಲ್ಲರ ಎದುರಿಗೇ ಆಗಿದ್ದು.

ನಾಚಿಕೆ ಬಿಟ್ಟು ಹೇಳುತ್ತೇನೆ. ನಾನು ಶಿವಮೊಗ್ಗದವನು. ಈಗ ಬೆಂಗಳೂರಲ್ಲಿದ್ದೇನೆ, ಅಷ್ಟೇ. ಶರಾವತಿಯ ಲಿಂಗನಮಕ್ಕಿ ಡ್ಯಾಮ್ ಭರ್ತಿ ಅಂದರೆ 1819 ಅಡಿ ಅಂತ ನಿದ್ದೆಗಣ್ಣಲ್ಲೂ ಹೇಳುವವನು. ಮಳೆಗಾಲದಲ್ಲಿ ಬೆಳಿಗ್ಗೆ ಪೇಪರ್ ಬಂದರೆ ಮೊದಲು ನೋಡುವುದು ಡ್ಯಾಮ್ ಮಟ್ಟ. ಇವತ್ತು ಎಷ್ಟು ಏರಿತು, ಗೇಟ್ ಯಾವಾಗ ತೆಗೆಯುತ್ತಾರೆ, ಜೋಗಕ್ಕೆ ಯಾವ ವಾರ ಹೋಗೋಣ, ಇದೇ ಲೆಕ್ಕ. ಏರಿದ ನೀರು ಇಳಿಯುತ್ತದೆ ಅನ್ನುವುದು ಮಾತ್ರ ತಲೆಗೆ ಬರಲಿಲ್ಲ. ನಂಗೇ ಬರಲಿಲ್ಲ!

ಎಲ್ಲಾ ಆ ಒಂದು ಫೋಟೋದಿಂದ. ಹಳದಿ ಟೆಂಟ್ ಎರಡು. ಟೆಂಟ್ ಬಾಗಿಲಿಂದ ನಾಲ್ಕು ಹೆಜ್ಜೆಗೆ ನೀರು. ನೀರಲ್ಲಿ ಒಂದು ಕೆಂಪು ಕಯಾಕ್. ಹಿಂದೆ ದ್ವೀಪದ ಹಾಗೆ ಹಸಿರು ಗುಡ್ಡ. ಎಡಗಡೆ ಬಾಗಿದ ಮರ, ಅದಕ್ಕೊಂದು ಟೈರ್ ಜೋಕಾಲಿ. ಮಗಳು ಆ ಜೋಕಾಲಿ ನೋಡಿ ಕುಣಿದಳು. ಮುಗೀತು.

ಫೋನ್ ಮಾಡಿದೆ. ಬಹಳ ಮರ್ಯಾದೆಯ ಮಾತು. ದೊಡ್ಡವರಿಗೆ ತಲೆಗೆ 1,800, ಮಕ್ಕಳಿಗೆ 900. ನಾವು ನಾಲ್ಕು ಜನ ದೊಡ್ಡವರು, ಮೂರು ಮಕ್ಕಳು. ಒಟ್ಟು 9,900. "5,000 ಹಾಕಿಬಿಡಿ ಸರ್, ಬ್ಲಾಕ್ ಮಾಡ್ತೀನಿ. ಈ ವೀಕೆಂಡ್ ಫುಲ್ ರಶ್ಶು." ಹಾಕಿದೆ. ಸ್ಕ್ಯಾನರಲ್ಲಿ ಬಂದಿದ್ದು ಕ್ಯಾಂಪಿನ ಹೆಸರಲ್ಲ, ಯಾವುದೋ ಹೆಂಗಸಿನ ಹೆಸರು. ಕೇಳಿದೆ. "ನಮ್ಮ ಮಿಸೆಸ್ ಅಕೌಂಟ್ ಸರ್" ಅಂದ. ಸರಿ ಅಂದೆ. ಎಷ್ಟು ಕಡೆ ಹೀಗೇ ಇರುತ್ತದೆ, ಅಲ್ವಾ?

ನನ್ನ ಹೆಂಡತಿ ಆಗಲೇ ಕೇಳಿದ್ದಳು. "ರೀ, ಏಪ್ರಿಲಲ್ಲಿ ಇಷ್ಟು ಹಸಿರು ಎಲ್ಲಿರುತ್ತೆ?" ಮಲೆನಾಡು ಕಣೇ, ಅಲ್ಲಿ ವರ್ಷವಿಡೀ ಹಸಿರು ಅಂದೆ. ಈ ಮಾತನ್ನು ಅವಳು ಇನ್ನು ಹತ್ತು ವರ್ಷ ನೆನಪಿಸುತ್ತಾಳೆ.

ತಾಳಗುಪ್ಪ ರೈಲಲ್ಲಿ ರಾತ್ರಿ ಹೊರಟು ಬೆಳಿಗ್ಗೆ ಸಾಗರದಲ್ಲಿ ಇಳಿದೆವು. ಜೋಗ ನೋಡಿಕೊಂಡು, ಊಟ ಮುಗಿಸಿ, ಬಾಡಿಗೆ ಗಾಡಿಯಲ್ಲಿ ನಾಲ್ಕು ಗಂಟೆಗೆ ಹೇಳಿದ ಜಾಗಕ್ಕೆ ಹೋದೆವು. ಜೋಗದಲ್ಲೂ ಎರಡು ಎಳೆ ನೀರು ಮಾತ್ರ ಇಳಿಯುತ್ತಿತ್ತು. ಆಗಲಾದರೂ ಬುದ್ಧಿ ಬರಬೇಕಿತ್ತು. ಇಲ್ಲ.

ಈಗ ಸರಿಯಾಗಿ ಕೇಳಿ, ಕಳ್ಳಾಟ ಇರುವುದು ಇಲ್ಲೇ. ಟಾರ್ ರಸ್ತೆ ಮುಗಿಯುವ ಕಡೆ ಅವನೇ ಬಂದು ನಿಂತಿದ್ದ. ಬೈಕಲ್ಲಿ. ಪಕ್ಕದಲ್ಲಿ ಒಂದು ಹಳೇ ಜೀಪು. ಒಳಗೆ ನಿಮ್ಮ ಗಾಡಿ ಹೋಗಲ್ಲ ಸರ್, ಜೀಪಲ್ಲಿ ಹೋಗಿ, ಜೀಪಿಗೆ 600 ಬೇರೆ. ಇದನ್ನು ಫೋನಲ್ಲಿ ಹೇಳಿರಲಿಲ್ಲ. ಇರಲಿ. ಆಮೇಲೆ ನಗುನಗುತ್ತಾ ಅಂದ: "ಬ್ಯಾಲೆನ್ಸ್ ಇಲ್ಲೇ ಹಾಕಿಬಿಡಿ ಸರ್. ಒಳಗೆ ನೆಟ್‌ವರ್ಕ್ ಸಿಗಲ್ಲ."

ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ ಅನ್ನುವುದು ನಿಜ! ಆ ಕಡೆ ಸಿಗುವುದೇ ಇಲ್ಲ. ಅದಕ್ಕೇ ಅನುಮಾನ ಬರಲಿಲ್ಲ. ನಿಂತಲ್ಲೇ 4,900 ಹಾಕಿದೆ. ನಮ್ಮ ಗಾಡಿಯವನನ್ನು ವಾಪಸ್ ಕಳಿಸಿದೆವು. ಜೀಪು ಎರಡು ಕಿಲೋಮೀಟರ್ ಕುಲುಕಾಡಿಕೊಂಡು ಹೋಗಿ ನಮ್ಮನ್ನು ಇಳಿಸಿ ಅದೂ ಹೊರಟುಹೋಯಿತು. ಅವನು ಒಳಗೆ ಬರಲೇ ಇಲ್ಲ. ಬಾಕಿ ಕೈಗೆ ಬಂತಲ್ಲ, ಯಾಕೆ ಬರ್ತಾನೆ?

ಇಳಿದು ನೋಡಿದರೆ ನೀರಿಲ್ಲ.

ನೀರಿಲ್ಲ ಅಂದರೆ ಪೂರ್ತಿ ಇಲ್ಲ ಅಂತಲ್ಲ. ಇದೆ. ದೂರದಲ್ಲಿ ಬೆಳ್ಳಿ ದಾರದ ಹಾಗೆ ಏನೋ ಹೊಳೆಯುತ್ತಿತ್ತು. ಟೆಂಟಿನಿಂದ ಅಲ್ಲಿವರೆಗೆ ಬಿರುಕು ಬಿಟ್ಟ ಕೆಸರು. ಅದರ ಮಧ್ಯೆ ಮಧ್ಯೆ ಕಪ್ಪಗೆ ಸತ್ತ ಮರದ ಬೊಡ್ಡೆಗಳು. ಭಾವಮೈದುನ ನಡೆದು ನೋಡಿ ಬರುತ್ತೇನೆ ಅಂತ ಹೋದ. ಹತ್ತು ನಿಮಿಷ ಆದಮೇಲೆ ಅಲ್ಲಿಂದಲೇ ಕೂಗಿದ: "ಭಾವಾ, ಮಂಡಿವರೆಗೂ ಹೂತುಹೋಯ್ತು!" ಒಂದು ಚಪ್ಪಲಿ ಅಲ್ಲೇ ಹೋಯಿತು. ಕೆಂಪು ಕಯಾಕ್ ಇತ್ತು. ಒಣಗಿದ ಮಣ್ಣಿನ ಮೇಲೆ ಕವುಚಿ ಹಾಕಿದ್ದರು. ಅದರ ಮೇಲೆ ಯಾರದೋ ಟವೆಲ್ ಒಣಗುತ್ತಿತ್ತು.

ಮಗಳು ಕೇಳಿದಳು, "ಅಪ್ಪಾ, ಕೆರೆ ಎಲ್ಲಿ?" ಆ ಪ್ರಶ್ನೆ ಇನ್ನೂ ಕಿವಿಯಲ್ಲಿದೆ.

ಕಾರಣ ನಂಗೆ ಗೊತ್ತಿಲ್ಲದ್ದಲ್ಲ. ಇದು ಕೆರೆಯೇ ಅಲ್ಲ. 1964ರಲ್ಲಿ ಕಟ್ಟಿದ ಅಣೆಕಟ್ಟಿನ ಹಿಂದೆ ನಿಂತ ನೀರು. ಮಳೆಗಾಲದಲ್ಲಿ ತುಂಬುತ್ತದೆ, ಆಮೇಲೆ ಬೇಸಿಗೆ ಮುಗಿಯುವವರೆಗೆ ಕರೆಂಟಿಗೆ ಅಂತ ಬಿಡುತ್ತಲೇ ಇರುತ್ತಾರೆ. ಶರಾವತಿ ವಿದ್ಯುದಾಗಾರ ಒಂದೇ 1,035 ಮೆಗಾವಾಟಿನದು. ಬೆಂಗಳೂರಲ್ಲಿ ಏಪ್ರಿಲ್ ಪೂರ್ತಿ ಏಸಿ ಹಾಕಿಕೊಂಡು ಮಲಗಿದವನು ನಾನೇ, ಇಲ್ಲಿ ಬಂದು ನೀರೆಲ್ಲಿ ಅಂತ ಕೇಳುತ್ತಿರುವವನೂ ನಾನೇ. ಬೇಸಿಗೆಗೆ ಮಟ್ಟ ಹತ್ತಾರು ಅಡಿ ಇಳಿದಿರುತ್ತದೆ. ಇಳಿಜಾರು ಕಡಿದಾಗಿದ್ದ ಕಡೆ ಅಷ್ಟು ಗೊತ್ತಾಗುವುದಿಲ್ಲ. ನಾವು ಹೋದದ್ದು ಹಳೇ ಗದ್ದೆ ಬಯಲು. ಅಲ್ಲಿ ನೀರು ಒಂದು ಅಡಿ ಇಳಿದರೆ ದಡ ಎಷ್ಟೋ ದೂರ ಓಡುತ್ತದೆ.

ಅಲ್ಲಿದ್ದವನು ಒಬ್ಬ ಹುಡುಗ. ಹದಿನೆಂಟು ಇರಬಹುದು. ಎಷ್ಟು ಬೈದರೂ ಒಂದೇ ಮಾತು: "ಅಣ್ಣ ಹೇಳಿದ್ದಷ್ಟೇ ಸರ್, ನಂಗೊತ್ತಿಲ್ಲ." ಅಣ್ಣನಿಗೆ ಫೋನ್ ಮಾಡು ಅಂದರೆ ನೆಟ್‌ವರ್ಕ್ ಇಲ್ಲ. ನೋಡಿ, ಎಷ್ಟು ಚೆನ್ನಾಗಿ ಹೊಂದಿಸಿದ್ದಾರೆ! ಬಾರ್ಬೆಕ್ಯೂ ಅಂದಿದ್ದರು, ಪ್ಯಾಕೆಟ್ಟಲ್ಲಿ ಚಿತ್ರಾನ್ನ ಬಂತು. ನಮ್ಮ ಜೊತೆ ಇನ್ನೂ ಎರಡು ಗುಂಪು, ಎಲ್ಲರಿಗೂ ಸೇರಿ ತಗಡಿನ ಒಂದು ಟಾಯ್ಲೆಟ್, ಅದಕ್ಕೆ ನೀರು ಬಕೆಟ್ಟಲ್ಲಿ. ಅದನ್ನೆಲ್ಲ ಬರೆಯುತ್ತಾ ಕೂರುವುದಿಲ್ಲ. ಜೋಕಾಲಿ? ಬಾಗಿದ ಮರ ಇತ್ತು. ಜೋಕಾಲಿ ಇರಲಿಲ್ಲ.

ರಾತ್ರಿ ಒಂಬತ್ತೂವರೆಗೆ ಹುಡುಗ ದರಗು, ಅಂದರೆ ಉದುರಿದ ಒಣ ಎಲೆ ಗುಡಿಸಿ, ಸೌದೆ ಜೋಡಿಸಿ ಬೆಂಕಿ ಹಾಕಿದ. ಸೌದೆಗೆ 400 ಬೇರೆ, ಕ್ಯಾಶ್. ಹತ್ತು ನಿಮಿಷದಲ್ಲಿ ಕಾಡಿನ ಕಡೆಯಿಂದ ಎರಡು ಟಾರ್ಚ್ ಬಂತು. ಅರಣ್ಯ ಇಲಾಖೆಯ ಗಾರ್ಡ್‌ಗಳು. ಅವರ ಮೇಲೆ ನಂಗೆ ಏನೂ ಸಿಟ್ಟಿಲ್ಲ. "ಯಾರು ಪರ್ಮಿಷನ್ ಕೊಟ್ಟಿದ್ದು? ಇದು ಅಭಯಾರಣ್ಯದ ಜಾಗ. ಈ ಒಣಹುಲ್ಲಲ್ಲಿ ಬೆಂಕಿ ಹಾಕ್ತೀರಲ್ಲ, ಓದಿದವರಾ ನೀವು?" ಅಂದರು. ಹುಡುಗ ಅಷ್ಟರಲ್ಲಿ ಕತ್ತಲಲ್ಲಿ ಮಾಯ. ನನ್ನ ಹತ್ತಿರ ಏನಿದೆ ತೋರಿಸಲು? ಒಂದು ಸ್ಕ್ರೀನ್‌ಶಾಟ್. ಅದರಲ್ಲಿ ಯಾರದೋ ಮಿಸೆಸ್ ಹೆಸರು.

ನಮ್ಮ ಕೈಯಿಂದಲೇ ಬೆಂಕಿ ಆರಿಸಿದರು. ಮಕ್ಕಳ ಮುಖ ನೋಡಿ ಕೇಸು ಗೀಸು ಅನ್ನಲಿಲ್ಲ, ಆದರೆ ಇಲ್ಲಿ ಮಲಗುವ ಹಾಗಿಲ್ಲ, ಮೇಲೆ ಊರಿನ ಹತ್ತಿರ ಹೋಗಿ ಅಂದರು. ಮಲಗಿದ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು, ಹಾಸಿಗೆ ಚೀಲ ಎಳೆದುಕೊಂಡು, ಕತ್ತಲಲ್ಲಿ ಗುಡ್ಡ ಹತ್ತಿದೆವು. ನಾನು ಯಾರ ಮುಖವನ್ನೂ ನೋಡಲಿಲ್ಲ.

ಮೇಲೆ ಒಂದು ಮನೆಯ ಅಮ್ಮ ಬಾಗಿಲು ತೆರೆದು ಜಗಲಿಯಲ್ಲಿ ಚಾಪೆ ಹಾಸಿಕೊಟ್ಟರು. ಎಪ್ಪತ್ತೈದು ದಾಟಿರಬೇಕು. ಬಿಸಿನೀರು ಕೊಟ್ಟು ಮೊದಲು ಕೇಳಿದ್ದು, "ಮಕ್ಕಳನ್ನ ದರಗಿನ ಮೇಲೆ ಕೂರಿಸಿದ್ರಾ ಮಾರಾಯ್ರೇ? ಮೈಯೆಲ್ಲಾ ನೋಡಿ, ಉಣುಗು ಹತ್ತಿರ್ತದೆ." ಎದೆ ಧಸಕ್ ಅಂತು. ಮಂಗನ ಕಾಯಿಲೆ! ಈ ಉಣುಗು ಕಚ್ಚಿಯೇ ಬರುವ ಜ್ವರ. 1957ರಲ್ಲಿ ಮೊದಲು ಪತ್ತೆಯಾಗಿದ್ದೇ ಇಲ್ಲೇ ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲಿ. 2019ರಲ್ಲಿ ಇದೇ ಸಾಗರ ತಾಲ್ಲೂಕಿನ ಅರಳಗೋಡಲ್ಲಿ ಜನ ಸತ್ತಿದ್ದರು. ಅದು ಜೋರಾಗುವುದೇ ಡಿಸೆಂಬರಿಂದ ಮೇವರೆಗೆ. ಊರವರು ಕಾಡಿಗೆ ಹೋಗುವಾಗ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ನಮಗೆ ಕ್ಯಾಂಪಿನವನು ಒಂದು ಮಾತು ಹೇಳಿದ್ದನಾ? ಟಾರ್ಚ್ ಹಿಡಿದು ಮೂರು ಮಕ್ಕಳ ಬಟ್ಟೆ ಬಿಚ್ಚಿ ನೋಡಿದೆವು. ಚಿಕ್ಕವನ ಮಂಡಿ ಹಿಂದೆ ಒಂದು ಸಿಕ್ಕಿತು. ಆಮೇಲೆ ಪೂರ್ತಿ ಒಂದು ವಾರ, ಬೆಳಿಗ್ಗೆ ಸಂಜೆ ಹಣೆ ಮುಟ್ಟಿ ನೋಡುತ್ತಾ ಕೂತಿದ್ದೇವೆ. ಜ್ವರ ಬರಲಿಲ್ಲ. ದೇವರು ದೊಡ್ಡವನು. ಕೆಸರು, ಚಿತ್ರಾನ್ನ, ದುಡ್ಡು ಎಲ್ಲ ಮರೆತೇನು. ಇದನ್ನು ಮರೆಯುವುದಿಲ್ಲ.

ಆ ಅಮ್ಮ ದುಡ್ಡು ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ಕಾಫಿ ಕೊಟ್ಟು ಕೆಳಗಿನ ಕೆಸರು ತೋರಿಸಿ, ನಾನು ಹುಟ್ಟಿದ ಮನೆ ಅಲ್ಲೇ ಕೆಳಗಿತ್ತು, ನೀರು ತುಂಬಾ ಇಳಿದ ವರ್ಷ ಬಾವಿಕಟ್ಟೆ ಕಾಣ್ತದೆ ಅಂದರು. ನಾವು ಸಾವಿರಗಟ್ಟಲೆ ಕೊಟ್ಟು ನೋಡಲು ಬಂದದ್ದು ಇದನ್ನು.

ಬಸ್ಸು ಸಿಗುವ ರಸ್ತೆಗೆ ಬಂದು ನೆಟ್‌ವರ್ಕ್ ಸಿಕ್ಕಿದ ತಕ್ಷಣ ಅವನಿಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನು ಇದ್ದ ಹಾಗೇ ಕೊಡುತ್ತೇನೆ, ಓದಿ.

ನೀರೆಲ್ಲಿ ಅಂದೆ. "ಸರ್, ನೇಚರ್ ನಮ್ಮ ಕೈಲಿದೆಯಾ?"

ಲೇಕ್ ಸೈಡ್ ಅಂತ ಹಾಕಿದ್ದೀರಿ ಅಂದೆ. "ಲೇಕ್ ಇದೆ ಸರ್, ಸೈಡೂ ಇದೆ. ಎಷ್ಟು ದೂರ ಅಂತ ಹಾಕಿದ್ದೀವಾ?"

ಹಾಗಾದರೆ ಆ ಫೋಟೋ? "ಫೋಟೋ ನಮ್ದೇ ಸರ್, ಅದೇ ಜಾಗ. ಅಕ್ಟೋಬರ್‌ದು. ನೀವು ಯಾವ ತಿಂಗಳದ್ದು ಅಂತ ಕೇಳಲೇ ಇಲ್ವಲ್ಲ."

ಕಾಡಲ್ಲಿ ಪರ್ಮಿಷನ್ ಇಲ್ಲದೆ ಯಾಕೆ ಹಾಕಿದಿರಿ? "ಅವ್ರು ಡೈಲಿ ಬರಲ್ಲ ಸರ್. ನಿಮ್ದು ಬ್ಯಾಡ್ ಲಕ್."

ನನ್ನ ದನಿ ಏರಿತು. ನಾನೂ ಇದೇ ಜಿಲ್ಲೆಯವನು, ಸುಮ್ನೆ ಬಿಡಲ್ಲ ಅಂದೆ. ಅವನು ನಕ್ಕ. ನಿಜವಾಗಿ ನಕ್ಕ. "ಈ ಕಡೆಯವ್ರೇ ಆಗಿ ಹಿಂಗಂತೀರಲ್ಲ ಸಾರ್! ಹಿನ್ನೀರು ಅಂದ್ರೇನು? ಹಿಂದೆ ಹೋಗೋ ನೀರು!"

ಫೋನ್ ಸ್ಪೀಕರಲ್ಲಿತ್ತು. ಎಲ್ಲರೂ ಕೇಳಿಸಿಕೊಂಡರು. ಭಾವಮೈದುನ ಆ ಕಡೆ ತಿರುಗಿಕೊಂಡ. ಅವನ ಭುಜ ಕುಲುಕುತ್ತಿತ್ತು. ಈಗ ಮನೆಯಲ್ಲಿ ಟ್ಯಾಂಕ್ ಖಾಲಿಯಾದರೂ "ಹಿನ್ನೀರು ಭಾವ" ಅನ್ನುತ್ತಾನೆ.

ಅರ್ಧ ದುಡ್ಡಾದರೂ ವಾಪಸ್ ಕೊಡು ಅಂತ ಮೆಸೇಜ್ ಹಾಕಿದೆ. ರೀಫಂಡ್ ಪಾಲಿಸಿ ಇಲ್ಲ, ಮುಂದಿನ ಸಲ ಬಂದರೆ 500 ಡಿಸ್ಕೌಂಟ್ ಕೊಡ್ತೀವಿ ಅಂತ ಬಂತು. ಜೊತೆಗೆ ಎರಡು ಕೈಮುಗಿದ ಇಮೋಜಿ. ಬರೆಯುತ್ತೇನೆ ಅಂದಿದ್ದಕ್ಕೆ "ನೆಗೆಟಿವ್ ಮಾಡ್ಬೇಡಿ ಸರ್, ಲೋಕಲ್ ಹುಡುಗ್ರ ಹೊಟ್ಟೆಪಾಡು" ಅಂದ. ಅದೇ ಮಾತು ನನ್ನನ್ನು ಎರಡು ದಿನ ಸುಮ್ಮನಿರಿಸಿತು. ಆದರೆ ಆ ಜಗಲಿಯ ಅಮ್ಮನೂ ಲೋಕಲ್ಲೇ ಅಲ್ವಾ? ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಬಿಲ್ ಇದೆಯಾ ಅಂತ ಕೇಳಿದರು. ಬಿಲ್ ಎಲ್ಲಿಂದ ತರಲಿ?

ಹೋಗಲೇಬೇಕು ಅಂದರೆ ಮಳೆ ಮುಗಿದ ಮೇಲೆ ಹೋಗಿ. ಅಕ್ಟೋಬರ್, ನವೆಂಬರ್. ಬೇಸಿಗೆಯಲ್ಲಿ ಯಾರಾದರೂ ದಡದಲ್ಲೇ ಟೆಂಟ್ ಅಂದರೆ, ಟೆಂಟಿಂದ ನೀರಿನವರೆಗೆ ನಡೆದುಕೊಂಡು ಹೋಗುವ ವಿಡಿಯೋ ಕಳಿಸು ಅನ್ನಿ, ಇವತ್ತಿನದು. ಕಾಡಿನ ಹತ್ತಿರ ಇದ್ದರೆ ಅರಣ್ಯ ಇಲಾಖೆಯ ಅನುಮತಿ ಪತ್ರ ಕೇಳಿ. ಬಾಕಿ ದುಡ್ಡು ಟೆಂಟ್ ನೋಡಿದ ಮೇಲೆ, ಕ್ಯಾಶಲ್ಲಿ. ಒಳಗೆ ನೆಟ್‌ವರ್ಕ್ ಇಲ್ಲ ಅಂತ ಯಾವನಾದರೂ ಟಾರ್ ರಸ್ತೆಯಲ್ಲೇ ಕೈ ಚಾಚಿದರೆ ನಿಮ್ಮ ಗಾಡಿ ಮಾತ್ರ ವಾಪಸ್ ಕಳಿಸಬೇಡಿ.

ಕ್ಯಾಂಪಿನ ಹೆಸರು ಯಾಕೆ ಹಾಕಿಲ್ಲ ಅಂತ ಕೇಳುತ್ತೀರಿ. ಹಾಕಿ ಪ್ರಯೋಜನ ಇಲ್ಲ. ಹೋದ ವಾರ ಆ ಪೇಜಿನ ಹೆಸರು ಬದಲಾಯಿತು. ನಿನ್ನೆ ನೋಡಿದರೆ ಮತ್ತೆ ಬೇರೆ ಹೆಸರು. ಫೋಟೋ ಮಾತ್ರ ಅದೇ. ಹಳದಿ ಟೆಂಟ್ ಎರಡು, ಕೆಂಪು ಕಯಾಕ್ ಒಂದು, ಎಡಗಡೆ ಬಾಗಿದ ಮರಕ್ಕೆ ಟೈರ್ ಜೋಕಾಲಿ.